ಕಾಗದಕ್ಕೆ ಶೀತವಾದ ಗುರುವಾರ

"ಇನ್ನೂ ಒಳಗೆ ಹೋಗಿ, ಹೋಗಿ. ಸಿಕ್ಕಿಹಾಕ್ಕೊಂಡ್ರೆ ಕಾಲು ಹಿಡಿದು ಎಳೆಯೋಕೆ ನಾನಿದ್ದೀನಿ," ಎಂದಳು ಕಚೇರಿ ನೋಡಿಕೊಳ್ಳುವ ನೆಟ್ಟಿ, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಓರೆಸ್ಟ್ ಬಿಲಿನ್ಸ್ಕಿ ವಕೀಲರ ಕಚೇರಿಯ ನೆಲದ ಮೇಲೆ ಬೋರಲು ಮಲಗಿ, ಬಲಗೈಯನ್ನು ಭುಜದವರೆಗೂ ಪ್ರಿಂಟರಿನ ಹೊಟ್ಟೆಯೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡಿದ್ದ. ಹಸುವಿಗೆ ಹೆರಿಗೆ ಮಾಡಿಸುವ ದನದ ವೈದ್ಯನೂ ಅಷ್ಟು ಭಕ್ತಿಯಿಂದ ಕೈಯಾಡಿಸಲಾರ. ಕಡೆಗೆ ಎರಡನೆಯ ರೋಲರಿನ ಸಂದಿಯಿಂದ ಒಂದು ಹಾಳೆ ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಹೊರಬಂತು. ಮುದುಕ ಹಾವ್ರಿಲ್ಯುಕನ ಉಯಿಲಿನ ನಾಲ್ಕನೆಯ ಪುಟ. ಆ ಮುದುಕ ಹೊರಕೋಣೆಯಲ್ಲಿ ತುಪ್ಪಳದ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು, ಸಹಿ ಹಾಕಲು ಕಾದು ಕೂತಿದ್ದ.

"ಸಿಕ್ತೇನಪ್ಪಾ?" ಅಲ್ಲಿಂದಲೇ ಕೂಗಿದ. "ಬೇಗ ಆಗ್ಲಿ. ನಂಗೆ ತೊಂಬತ್ತೊಂದು. ನಿನ್ನ ಮಿಷನ್ನಿಗಿಂತ ಮೊದಲು ನಾನೇ ಕೆಟ್ಟು ನಿಂತೇನು."

ಓರೆಸ್ಟನ ಕೈಗುಣದ ಬಗ್ಗೆ ಗೊತ್ತಿಲ್ಲದವರು ಯಾರ್ಕ್‌ಟನ್ನಿನಲ್ಲಿ ಇಲ್ಲ. ಇದ್ದರೆ ಅವರು ಇನ್ನೂ ತೊಟ್ಟಿಲಲ್ಲಿರಬೇಕು. ಈ ಗೋಧಿ ಬಯಲಿನ ಉದ್ದಗಲಕ್ಕೂ ಅವನು ಹೊಟ್ಟೆ ಬಿಚ್ಚಿ ನೋಡದ ಪ್ರಿಂಟರ್ ಒಂದೂ ಉಳಿದಿರಲಿಲ್ಲ. ವಾರಗಟ್ಟಲೆ ಮೊಂಡು ಹಿಡಿದು ಕೂತ ಯಂತ್ರಗಳು ಅವನ ವ್ಯಾನು ಬೀದಿಯ ಆ ತುದಿಯಲ್ಲಿ ತಿರುಗಿದ್ದು ಕೇಳಿದರೆ ಸಾಕು, ಗಂಟಲು ಸರಿಮಾಡಿಕೊಂಡು ಅಚ್ಚು ಹಾಕಲು ಶುರುಮಾಡುತ್ತಿದ್ದವು. ಟೋನರ್ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೆಷ್ಟು ಪುಟ ಬಂದೀತು ಎಂದು ಅವನು ಹೇಳಿದರೆ, ಹನ್ನೆರಡು ಪುಟ ಹೆಚ್ಚುಕಡಿಮೆ ಅಷ್ಟೇ. ಚರ್ಚಿನ ಪಾದ್ರಿ ಒಮ್ಮೆ ಪವಿತ್ರ ನೀರು ಚಿಮುಕಿಸಿಯೂ ಎಚ್ಚರಗೊಳ್ಳದ ಪ್ರಿಂಟರನ್ನು ಇವನು ಹಲ್ಲುಜ್ಜುವ ಬ್ರಷ್ಷಿನಿಂದ ಎಬ್ಬಿಸಿದ್ದ. ಪಾದ್ರಿಯೇ ಹೇಳಿದ್ದು.

ಅಷ್ಟೆಲ್ಲ ಮಾಡಿಯೂ ಅವನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು ಧರ್ಮ: ಕಾಗದದ ಹತ್ತಿರ ನೀರಿನ ಅಂಶ ಸುಳಿಯಬಾರದು. ಅವನ ಅಂಗಡಿಯಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಹಲಗೆಯೊಂದು ನೇತಾಡುತ್ತಿತ್ತು: "ಕಾಗದದ ಮೇಲೆ ಏನನ್ನೂ ಇಡಬೇಡಿ." ರೀಮಿನ ಮೇಲೆ ಕಾಫಿ ಲೋಟ ಇಟ್ಟ ತಪ್ಪಿಗೆ ಒಬ್ಬ ಬ್ಯಾಂಕ್ ಮ್ಯಾನೇಜರನನ್ನು ಅವನು ಮೈನಸ್ ಮೂವತ್ತೈದರ ಚಳಿಗೆ, ಲೋಟದ ಸಮೇತ, ಹೊರಗೆ ಕಳಿಸಿದ್ದ. ಆ ಮ್ಯಾನೇಜರ್ ವರ್ಗವಾಗಿ ಹೋದನೆಂದು ಜನ ಹೇಳುತ್ತಾರೆ. ಚಳಿಗೆ ಅಲ್ಲ, ನಾಚಿಕೆಗೆ.

ಇಂಥವನನ್ನು ಈ ಪ್ರಿಸ್ತುಪಾ ವಕೀಲರ ಕಚೇರಿಯ ಪ್ರಿಂಟರು ಹನ್ನೊಂದು ವಾರಗಳಿಂದ ಆಟ ಆಡಿಸುತ್ತಿತ್ತು. ಸೋಮವಾರ ಸರಿ, ಮಂಗಳವಾರ ಸರಿ, ಬುಧವಾರ ಚಿನ್ನದಂಥ ಯಂತ್ರ. ಗುರುವಾರ ಹತ್ತು ಗಂಟೆಗೆ ಸರಿಯಾಗಿ ಕಾಗದ ನುಂಗಿ ಕೂತುಬಿಡುತ್ತಿತ್ತು. ಗುರುವಾರ ಬೆಳಗ್ಗೆ ಓರೆಸ್ಟನಿಗೆ ಶಾಲೆಯ ಯಂತ್ರಗಳ ಕೆಲಸವಿರುತ್ತಿದ್ದುದರಿಂದ ಇಲ್ಲಿಗೆ ತಲುಪುವಾಗ ಹನ್ನೆರಡು. ಬಂದವನು ಸಿಕ್ಕಿದ್ದನ್ನು ಬಿಡಿಸಿ, ವ್ಯಾನಿನಲ್ಲಿದ್ದ ತನ್ನದೇ ರೀಮು ತುಂಬಿ ಪರೀಕ್ಷಿಸಿದರೆ, ಯಂತ್ರ ಹಾಡುತ್ತ ಹಾಡುತ್ತ ನೂರು ಪುಟ ಉದುರಿಸುತ್ತಿತ್ತು. ರೋಲರ್ ಬದಲಾಯಿಸಿದ. ಡ್ರಮ್ ಬದಲಾಯಿಸಿದ. ಚಳಿಗಾಲದ ಒಣಗಾಳಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಂದು ಯಂತ್ರದಿಂದ ನೆಲಕ್ಕೆ ಅರ್ಥಿಂಗ್ ತಂತಿ ಎಳೆದ. ಏನು ಮಾಡಿದರೂ ಮುಂದಿನ ಗುರುವಾರ ಫೋನು ಬರುವುದು ತಪ್ಪಲಿಲ್ಲ.

ಫೋನು ಬಂದರೆ ಬೇಜಾರಾಗುತ್ತಿತ್ತೇ ಎಂದು ಕೇಳಬೇಡಿ. ಗುರುವಾರ ಆ ಕಚೇರಿಯಲ್ಲಿ ಬೋರ್ಶ್ಟ್ ದಿನ. ನೆಟ್ಟಿ ಮಾಡುವ ಬೀಟ್‌ರೂಟಿನ ಸಾರು: ಮೇಲೊಂದು ಚಮಚ ಹುಳಿ ಕೆನೆ, ಅದರ ಮೇಲೆ ಹಿಡಿ ಸಬ್ಬಸಿಗೆ ಸೊಪ್ಪು. ಅದರ ಪರಿಮಳಕ್ಕೆ ಎದುರು ಬೀದಿಯ ವಕೀಲರೂ ರಾಜಿಗೆ ಒಪ್ಪಿಕೊಂಡು ಇಲ್ಲಿಗೆ ಬರುತ್ತಿದ್ದರು. ಕೆಲಸ ಮುಗಿಸಿದ ಓರೆಸ್ಟನನ್ನು ನೆಟ್ಟಿ ಹಾಗೇ ಕಳಿಸಿದ್ದಿಲ್ಲ. "ಕೂತ್ಕೊಳಿ ಪುಣ್ಯಾತ್ಮ, ಮಿಷನ್ನಿಗೆ ಊಟ ಹಾಕಿದ್ದಾಯ್ತಲ್ಲ," ಎಂದು ಬಟ್ಟಲು ಮುಂದಿಡುತ್ತಿದ್ದಳು. ಗಂಡ ಹೋಗಿ ಎಂಟು ವರ್ಷವಾದ ಹೆಂಗಸು ಅವಳು. ಇವನಿಗೆ ಮದುವೆಯಾಗಲು ಪ್ರಿಂಟರುಗಳು ಪುರುಸೊತ್ತು ಕೊಟ್ಟಿರಲಿಲ್ಲ. ಇಬ್ಬರೂ ಎದುರುಬದುರು ಕೂತು ಸೊರ್ ಎಂದು ಕುಡಿದು, ಪರಸ್ಪರ ಹೀಯಾಳಿಸಿಕೊಂಡು ಏಳುತ್ತಿದ್ದರು. ಅಷ್ಟೇ.

ಈ ಗುರುವಾರ ಚಳಿ ಎಷ್ಟಿತ್ತೆಂದರೆ ಊರಿನ ನಾಯಿಗಳು ಬೊಗಳುವುದನ್ನು ನಾಳೆಗೆ ಮುಂದೂಡಿದ್ದವು. ಶಾಲೆಯ ಬಸ್ಸುಗಳು ಹೊರಡಲಿಲ್ಲ, ಶಾಲೆಯ ಕೆಲಸವೂ ಇರಲಿಲ್ಲ. ಹಾಗಾಗಿ ಓರೆಸ್ಟ್ ಹನ್ನೊಂದು ವಾರದಲ್ಲಿ ಮೊದಲ ಸಲ ಹತ್ತೂವರೆಗೇ ಬಂದಿದ್ದ.

ಅವನು ನೆಲದಿಂದ ಏಳುವಷ್ಟರಲ್ಲಿ ಬಾಗಿಲಲ್ಲಿ ಕರೀನ್ ಪ್ರಿಸ್ತುಪಾ ನಿಂತಿದ್ದಳು. ಅಪ್ಪನ ನಂತರ ಕಚೇರಿ ನಡೆಸುತ್ತಿದ್ದ ವಕೀಲೆ. ಓರೆಸ್ಟ್ ಅವಳ ತಾಯಿಯ ತಮ್ಮನೇನೂ ಅಲ್ಲ, ಆದರೂ ಅಪ್ಪನ ಕಾಲದಿಂದ ಅವನನ್ನು ವೂಯ್ಕೊ, ಮಾವ, ಎಂದೇ ಕರೆದು ಅಭ್ಯಾಸ.

"ವೂಯ್ಕೊ, ನಂಗೆ ಹೇಳೋಕೆ ಕಷ್ಟ ಆಗ್ತಿದೆ," ಎಂದಳು. "ರೆಜೈನಾದಿಂದ ದೊಡ್ಡ ಕಂಪನಿಯೋರು ನಾಳೆ ಬರ್ತಿದ್ದಾರೆ. ಅವರ ಮಿಷನ್ನಲ್ಲಿ ಟೋನರ್ ಮುಗಿಯೋ ಮೊದಲು ಅದೇ ಆರ್ಡರ್ ಮಾಡ್ಕೊಳುತ್ತಂತೆ. ಕೆಟ್ರೆ ಅದೇ ಫೋನ್ ಮಾಡುತ್ತಂತೆ."

"ಊಟಾನೂ ಅದೇ ಮಾಡ್ಕೊಳುತ್ತಾ?" ನೆಟ್ಟಿ ಕೇಳಿದಳು.

"ನೆಟ್ಟಿ, ನೀವು ಸುಮ್ನಿರಿ. ತೊಂಬತ್ತೊಂದು ವರ್ಷದೋರು ಅಲ್ಲಿ ಉಯಿಲಿಗೆ ಕಾಯ್ತಿದ್ದಾರೆ. ಕಾದು ಕಾದು ಅವರಿಗೇನಾದ್ರೂ ಆದ್ರೆ ಹೊಲ ಯಾರಿಗೆ ಅಂತ ಏಳು ಮಕ್ಕಳು ಬಂದು ನನ್ನ ಕುತ್ತಿಗೆ ಹಿಡೀತಾರೆ."

ಈ ಕಚೇರಿ ಓರೆಸ್ಟನ ಮೊದಲ ಗಿರಾಕಿ. ಮೂವತ್ತೊಂದು ವರ್ಷದ ನಂಟು. ಇದು ಹೋದರೆ ಊರಿನ ಉಳಿದ ಕಚೇರಿಗಳು ಗಂಟೆ ಕಟ್ಟಿದ ಟಗರಿನ ಹಿಂದೆ ಹೋಗುವ ಕುರಿಗಳಂತೆ ಹೋಗುತ್ತವೆ. ಆಮೇಲೆ ಅಂಗಡಿಯ ಬಾಗಿಲು ಮುಚ್ಚಿ ಹಲಗೆಯನ್ನು ಒಲೆಗೆ ಹಾಕಬೇಕಷ್ಟೆ.

"ಒಂದೇ ಒಂದು ಗುರುವಾರ ಕೊಡು ಮಗಳೇ," ಎಂದ. "ಮುಂದಿನ ವಾರ ಕೆಟ್ರೆ, ನಾನೇ ಪ್ಲಗ್ ಕಿತ್ತು, ಆ ರೆಜೈನಾದೋರ ಮಿಷನ್ನನ್ನ ನನ್ನ ವ್ಯಾನಲ್ಲೇ ಹೊತ್ಕೊಂಡು ಬರ್ತೀನಿ."

ಕರೀನ್ ನಿಟ್ಟುಸಿರುಬಿಟ್ಟಳು. "ಒಂದೇ. ಅವರನ್ನ ಮುಂದಿನ ಶುಕ್ರವಾರ ಬನ್ನಿ ಅಂತೀನಿ."

ಅವಳು ಹೋದಮೇಲೆ ಓರೆಸ್ಟ್ ಬೆರಳಿಗೆ ಮೆತ್ತಿದ್ದ ಕಪ್ಪನ್ನು ಒರೆಸಿಕೊಳ್ಳಲು ಕೈಯಲ್ಲಿದ್ದ ಸುಕ್ಕು ಹಾಳೆಯನ್ನೇ ಬಳಸಿದ. ಹಾಗೆ ಒರೆಸುವಾಗ ಹಾಳೆ ಮೂಗಿನ ಹತ್ತಿರ ಬಂತು. ಅವನ ಕೈ ಗಾಳಿಯಲ್ಲೇ ನಿಂತಿತು. ಮತ್ತೊಮ್ಮೆ ಮೂಸಿದ. ಮುದುಕ ಹಾವ್ರಿಲ್ಯುಕನ ಹೊಲ, ಟ್ರ್ಯಾಕ್ಟರು, ಇಬ್ಬರು ಹಿರಿಯ ಗಂಡುಮಕ್ಕಳ ಪಾಲು ಎಲ್ಲವೂ ಸಬ್ಬಸಿಗೆ ಸೊಪ್ಪಿನ ವಾಸನೆ ಹೊಡೆಯುತ್ತಿದ್ದವು.

ಕತ್ತನ್ನು ಮೆಲ್ಲಗೆ ತಿರುಗಿಸಿದ. ಯಂತ್ರದ ಪಕ್ಕದ ಗೋಡೆಗೆ ಕಾಗದದ ಕಪಾಟು, ಬಾಗಿಲಿಲ್ಲದ್ದು. ರೀಮುಗಳ ಹೊದಿಕೆ ಬಿಚ್ಚಿ ಒಪ್ಪವಾಗಿ ಜೋಡಿಸಿತ್ತು, ನೆಟ್ಟಿಯ ಅಚ್ಚುಕಟ್ಟು. ಅದರ ಕೆಳಗಿನ ಮೇಜಿನ ಮೇಲೆ ನಿಧಾನವಾಗಿ ಬೇಯಿಸುವ ಕರೆಂಟಿನ ದೊಡ್ಡ ಪಾತ್ರೆ. ಉಕ್ಕಬಾರದೆಂದು ಮುಚ್ಚಳದ ಕೆಳಗೆ ಅಡ್ಡಲಾಗಿ ಮರದ ಸೌಟು ಸಿಕ್ಕಿಸಿತ್ತು. ಆ ಸಂದಿಯಿಂದ ಹೊರಟ ಕೆಂಪು ಘಮದ ಹಬೆ ನೇರ ಮೇಲಕ್ಕೆ ಹೋಗಿ, ಹಾಳೆಗಳ ಅಂಚನ್ನು ನೆಕ್ಕುತ್ತ, ಕಪಾಟಿನ ತುಂಬ ಮಲಗುತ್ತಿತ್ತು. ಹನ್ನೆರಡು ಗಂಟೆಗೆ ಅವನು ಬರುವ ಹೊತ್ತಿಗೆ ಪಾತ್ರೆ ಯಾವಾಗಲೂ ಹೊರಗಿನ ಊಟದ ಮೇಜಿನ ಮೇಲಿರುತ್ತಿತ್ತು.

"ಈ ಪಾತ್ರೆ ಇಲ್ಲಿ ಯಾವಾಗಿಂದ?" ಎಂದ, ಆದಷ್ಟು ಸಾಧಾರಣವಾಗಿ.

"ಕ್ರಿಸ್‌ಮಸ್‌ಗೆ ಮುಂಚೆ ಅಡುಗೆಮನೆ ಪೈಪು ಹೆಪ್ಪುಗಟ್ಟಿ ಒಡೀತಲ್ಲ, ಆವಾಗಿಂದ. ಅಲ್ಲಿನ ಕರೆಂಟೂ ತೆಗೆದುಬಿಟ್ರು. ಯಾಕೆ, ನಿಮ್ಮ ಮಹಾರಾಜ ಮಿಷನ್ನಿಗೆ ನನ್ನ ಸಾರಿನ ಮೇಲೂ ಕಣ್ಣಾ?"

ನಗುತ್ತಲೇ ಕೇಳಿದಳು. ಆದರೆ ಕೇಳುತ್ತ ಒಂದು ಕೈಯನ್ನು ಪಾತ್ರೆಯ ಮುಚ್ಚಳದ ಮೇಲಿಟ್ಟಳು, ತಲೆ ಸವರುವ ಹಾಗೆ. ಅವಳ ಅಮ್ಮ ಮಾಡುತ್ತಿದ್ದ ಸಾರು. ಅಮ್ಮನ ಅಮ್ಮ ಹಡಗಿನಲ್ಲಿ ತಂದ ಬೀಜದ ಬೀಟ್‌ರೂಟು. ಇಡೀ ಕಚೇರಿ ಹನ್ನೊಂದು ವಾರ ತಲೆ ಕೆಡಿಸಿಕೊಂಡದ್ದು ಇದರಿಂದ ಎಂದು ಕರೀನಳ ಎದುರು ಹೇಳಿದರೆ, ನೆಟ್ಟಿ ಈ ಜನ್ಮದಲ್ಲಿ ಪಾತ್ರೆಯನ್ನು ಕಚೇರಿಗೆ ತರುವವಳಲ್ಲ. ಓರೆಸ್ಟ್ ಮೂವತ್ತೊಂದು ವರ್ಷ ಯಾವ ಕಚೇರಿಯಲ್ಲೂ ಯಂತ್ರದ ಕಾಯಿಲೆ ಮುಚ್ಚಿಟ್ಟವನಲ್ಲ. ಬಾಯಿ ತೆರೆದ. ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

"ಕಾಗದಕ್ಕೆ ಶೀತ ಆಗಿದೆ."

"ಏನು?"

"ಶೀತ. ಈ ಗೋಡೆ ಹೊರಗಡೆ ಗೋಡೆ. ಆಚೆ ಮೈನಸ್ ಮೂವತ್ತೆಂಟು, ಈಚೆ ಕಾಗದ. ಶೀತ ಹಿಡಿಯದೆ ಏನಾಗುತ್ತೆ? ಕಾಗದಾನೆಲ್ಲ ಕರೀನ್ ರೂಮಿಗೆ ಸಾಗಿಸ್ಬೇಕು."

ನೆಟ್ಟಿ ಅವನನ್ನೇ ನೋಡಿದಳು. ಅವನು ಮಾತ್ರ ಅವಳ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡಿದ. ನಲವತ್ತು ರೀಮುಗಳನ್ನು ಒಬ್ಬನೇ ಹೊತ್ತು ಸಾಗಿಸಿದ. ಅರವತ್ತಾರು ವರ್ಷದ ಬೆನ್ನು ನಲವತ್ತು ಸಲ ಅವನ ಹೆಸರು ಹಿಡಿದು ಬೈಯಿತು. ಮುದುಕ ಹಾವ್ರಿಲ್ಯುಕನಿಗೆ ವ್ಯಾನಿನ ಕಾಗದದಲ್ಲಿ ಹೊಸ ಉಯಿಲು ಬಂತು. ಮುದುಕ ಸಹಿ ಹಾಕಿ, ಟೋಪಿ ಇಟ್ಟುಕೊಂಡು, "ಊಟದ ಹೊತ್ತಾಯ್ತು ಅಂತ ಮೂಗು ಹೇಳ್ತಿದೆ," ಎಂದು ಅಲ್ಲೇ ಕೂತ. ಅವನಿಗೂ ಒಂದು ಬಟ್ಟಲು ಸಿಕ್ಕಿತು.

ಮುಂದಿನ ಗುರುವಾರ ಓರೆಸ್ಟ್ ಶಾಲೆಗೆ ರಜೆ ಹೇಳಿ ಬೆಳಗ್ಗೆಯಿಂದ ತನ್ನ ಅಂಗಡಿಯಲ್ಲೇ ಕೂತ. ಹತ್ತು ಗಂಟೆಗೆ ಫೋನು ಬರಲಿಲ್ಲ. ಹತ್ತೂವರೆಗೆ ಫೋನಿನಲ್ಲಿ ಜೀವ ಇದೆಯೇ ಎಂದು ಎತ್ತಿ ನೋಡಿದ, ಇತ್ತು. ಹನ್ನೊಂದಕ್ಕೂ ಇಲ್ಲ. ಹನ್ನೆರಡಕ್ಕೆ ಫೋನು ಬಡಿದುಕೊಂಡ ಸದ್ದಿಗೆ ಅವನು ಹಾರಿದ ರಭಸಕ್ಕೆ ತಲೆ ಚಾವಣಿ ತಾಕಲು ಎರಡೇ ಬೆರಳು ಬಾಕಿಯಿತ್ತು.

"ವೂಯ್ಕೊ!" ಕರೀನಳ ದನಿ. "ನಾನೂರು ಪುಟ. ಒಂದೇ ಒಂದು ಸಿಕ್ಕಿಹಾಕ್ಕೊಳ್ಳಲಿಲ್ಲ. ರೆಜೈನಾದೋರಿಗೆ ಬರ್ಬೇಡಿ ಅಂದೆ. ಇನ್ನು ಮೂರು ವರ್ಷ ನಮ್ಮನ್ನ ನೀವೇ ನೋಡ್ಕೋಬೇಕು."

"ಆಗ್ಲಿ ಮಗಳೇ. ಆಗ್ಲಿ."

ಗೆದ್ದಿದ್ದ. ರೆಜೈನಾದ ಕಂಪನಿಯನ್ನು, ಅದರ ತಾನೇ ಫೋನು ಮಾಡುವ ಯಂತ್ರದ ಸಮೇತ, ಒಬ್ಬನೇ ನೂರೆಂಬತ್ತು ಕಿಲೋಮೀಟರ್ ಆಚೆಗೆ ಅಟ್ಟಿದ್ದ. ಬಿಚ್ಚಿಟ್ಟ ಯಂತ್ರವೊಂದರ ಬಿಡಿಭಾಗಗಳು ಮೇಜಿನ ತುಂಬ ಹರಡಿದ್ದವು. ಅವುಗಳ ನಡುವೆ ಜಾಗ ಮಾಡಿಕೊಂಡು, ಬೆಳ್ಳುಳ್ಳಿ ಸಾಸೇಜಿನ ತಣ್ಣನೆಯ ಬ್ರೆಡ್ಡನ್ನು ಬಿಡಿಸಿದ. ಒಂದು ತುತ್ತು ತಿಂದ. ಉಳಿದದ್ದನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ. ಕೆಡದ ಯಂತ್ರವನ್ನು ನೋಡಲು ಹೋಗುವುದಕ್ಕೆ ಒಂದು ನೆಪ ಹುಡುಕಿದ. ಮೂವತ್ತೊಂದು ವರ್ಷದ ಅನುಭವದಲ್ಲಿ ಒಂದೂ ಸಿಗಲಿಲ್ಲ.

ಒಂದು ಗಂಟೆಗೆ ಬಾಗಿಲ ಗಂಟೆ ಅಲ್ಲಾಡಿತು. ಮೊದಲು ಒಳಗೆ ಬಂದದ್ದು ಹೊರಗಿನ ಚಳಿ, ಆಮೇಲೆ ಸಬ್ಬಸಿಗೆಯ ಪರಿಮಳ, ಕಡೆಗೆ ನೆಟ್ಟಿ. ಹಸುಗೂಸಿನಂತೆ ಕೌದಿಯಲ್ಲಿ ಸುತ್ತಿದ ಪಾತ್ರೆ ಅವಳ ತೋಳಲ್ಲಿತ್ತು.

"ನಿಂತ್ಕೊಂಡು ನೋಡ್ತೀರಲ್ಲ, ಬಾಗಿಲು ಹಾಕಿ! ಮುಂದಿನ ಸೀಟಲ್ಲಿ ಬೆಲ್ಟು ಹಾಕಿ ಕೂರಿಸ್ಕೊಂಡು ಬಂದೆ. ಒಂದು ತೊಟ್ಟು ಚೆಲ್ಲಿಲ್ಲ."

"ಕಚೇರೀಲಿ…"

"ಅವರಿಗೆ ಬಡಿಸಿಯೇ ಬಂದೆ. ಇದು ಉಳಿದದ್ದು." ಪಾತ್ರೆ ಕಂಠಮಟ್ಟ ಇತ್ತು. "ಕಾಗದಕ್ಕೆ ಶೀತಾನಂತೆ! ಆ ಕಚೇರೀಲಿ ಸುಕ್ಕು ಹಾಳೆ ಬಿದ್ದ ಕಸದ ಬುಟ್ಟಿ ಖಾಲಿ ಮಾಡೋಳು ಯಾರು ಅಂದ್ಕೊಂಡ್ರಿ? ನಂಗೇನು ಮೂಗಿಲ್ವ? ಸುಳ್ಳು ಹೇಳೋವಾಗ ನಿಮ್ಮ ಕಿವಿ ಎರಡೂ ನನ್ನ ಬೀಟ್‌ರೂಟಿಗಿಂತ ಕೆಂಪಾಗುತ್ತೆ, ಅದಾದ್ರೂ ಗೊತ್ತಾ?"

ಓರೆಸ್ಟ್ ಕಿವಿ ಮುಟ್ಟಿನೋಡಿಕೊಂಡ. "ನಿಮಗೆ ಯಾವತ್ತು ಗೊತ್ತಾಯ್ತು?"

"ಇದನ್ನ ಎಲ್ಲಿಡ್ಲಿ? ಕೈ ಬಿದ್ದುಹೋಗ್ತಿದೆ."

ಅವಳು ಸುತ್ತ ನೋಡಿದಳು. ಮೇಜಿನ ಮೇಲೆ ತಿರುಪು, ಗೇರು, ಸ್ಪ್ರಿಂಗು. ಕುರ್ಚಿಯ ಮೇಲೆ ಟೋನರ್ ಡಬ್ಬಿಗಳು. ಅಂಗಡಿಯಲ್ಲಿ ಸಮತಟ್ಟಾಗಿ ಖಾಲಿ ಇದ್ದದ್ದು ಒಂದೇ: ಗೋಡೆಗೆ ಒರಗಿಸಿ ಸೊಂಟದೆತ್ತರ ಪೇರಿಸಿದ್ದ ಹೊಸ ರೀಮುಗಳ ರಾಶಿ. ಅದರ ನೇರ ಮೇಲೆ ಹಲಗೆ. ನೆಟ್ಟಿ ಹಲಗೆಯನ್ನು ಅಕ್ಷರ ಬಿಡದೆ ಓದಿದಳು. ಆಮೇಲೆ ಅವನ ಕಡೆ ನೋಡಿದಳು. ಆಮೇಲೆ ಪಾತ್ರೆಯನ್ನು ರಾಶಿಯ ಮೇಲೆ ಕುಕ್ಕಿದಳು.

"ಇಲ್ಲಿಟ್ರೆ ಏನಾದ್ರೂ ತೊಂದ್ರೇನಾ?"

"ಏನಿಲ್ಲ," ಎಂದ ಓರೆಸ್ಟ್.

"ಪ್ಲಗ್ ಎಲ್ಲಿದೆ? ಬಿಸಿ ಆರುತ್ತೆ."

ಅವನು ಬಗ್ಗಿ, ಪರೀಕ್ಷೆಯ ಪುಟ ಉದುರಿಸುತ್ತಿದ್ದ ಪ್ರಿಂಟರಿನ ಪ್ಲಗ್ಗನ್ನು ಕಿತ್ತು, ಆ ಜಾಗದಲ್ಲಿ ಅವಳ ಪಾತ್ರೆಯದನ್ನು ಸಿಕ್ಕಿಸಿದ. ಯಂತ್ರ ಅರ್ಧ ಹಾಳೆ ಬಾಯಲ್ಲಿಟ್ಟುಕೊಂಡು ಸುಮ್ಮನಾಯಿತು. ನೆಟ್ಟಿ ಮುಚ್ಚಳದ ಸಂದಿಗೆ ಮರದ ಸೌಟು ಸಿಕ್ಕಿಸಿದಳು. ಅವನು ಕುರ್ಚಿಯ ಮೇಲಿನ ಟೋನರ್ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಸೀಟನ್ನು ತನ್ನ ತೋಳಿನಿಂದ ಒರೆಸಿದ.

ಹಬೆ ಮೆಲ್ಲಗೆ ಮೇಲೆದ್ದು ಹಲಗೆಯ ಅಕ್ಷರಗಳನ್ನು ಮಸುಕು ಮಾಡಿತು. ಪಾತ್ರೆಯ ಅಡಿಯಲ್ಲಿ ಮೇಲಿನ ರೀಮಿನ ಹೊದಿಕೆಯ ಮೂಲೆ ಬಿಸಿಗೆ ಸಡಿಲವಾಗಿ, ನಿಧಾನಕ್ಕೆ ಸುರುಳಿ ಸುತ್ತತೊಡಗಿತ್ತು.