ಚಾಲಕನ ಸೀಟಿನ ತೂಕ

ಲೋವೆಲ್ ತರಿಸಿದ ಕಾರಿನ ಸಸ್ಪೆನ್ಷನ್ ಭಾಗಗಳ ಪೆಟ್ಟಿಗೆಗಳು ಏಪ್ರಿಲ್‌ನಲ್ಲಿ ಬಂದವು. ವ್ಯಾನಿನವನು ಅವನ್ನು ಮುಂಬಾಗಿಲ ಮೆಟ್ಟಿಲ ಮೇಲೆ ಇಟ್ಟು ಹೋದ. ಲೋವೆಲ್‌ನ ಹೆಂಡತಿ ಮಾರ್ಲಿಸ್ ಬಾಗಿಲು ತೆರೆದು ನೋಡಿದಳು, ಏನೆಂದು ಗೊತ್ತಾಯಿತು, ಬಾಗಿಲು ಹಾಕಿಕೊಂಡಳು. ಸಂಜೆ ಮಳೆ ಹಿಡಿದಾಗಲೂ ಅವು ಅಲ್ಲೇ ಇದ್ದವು. ನಾನು ಪಕ್ಕದ ಮನೆಯವನು. ಕಿಟಕಿಯಿಂದ ನೋಡಿ ತಡೆಯಲಾರದೆ ಹೋಗಿ, ಒಂದೊಂದನ್ನೇ ಅವರ ಗ್ಯಾರೇಜಿಗೆ ಸಾಗಿಸಿದೆ.

ಅವಳನ್ನು ನಾನು ದೂರಲಾರೆ. ಲೋವೆಲ್ ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ ವಾರವೇ ಗಂಡನಾದವನು ಹಳೆ ಕಾರಿಗೆ ಹೊಸ ಸ್ಪ್ರಿಂಗ್ ತರಿಸಿದರೆ ಯಾವ ಹೆಂಡತಿ ತಾನೇ ಸಹಿಸಿಯಾಳು?

ಕಾರು 1970ರ ಶೆವೆಲ್. ಕಡು ಹಸಿರು ಬಣ್ಣ, ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ. ಮಾರ್ಲಿಸ್ ಮದುವೆಯಾಗಿ ಬರುವ ಮೊದಲೇ ಆ ಮನೆಗೆ ಬಂದದ್ದು ಅದು. ಅದಕ್ಕೇ ಅವಳು ಅದನ್ನು ‘ನನ್ನ ಸವತಿ’ ಎನ್ನುತ್ತಿದ್ದಳು. ಭಾನುವಾರ ಚರ್ಚಿನಿಂದ ಬಂದ ಮೇಲೆ ಲೋವೆಲ್ ಸವತಿಯ ಪಾಲು. ಹೊಸದರಲ್ಲಿ ಒಂದು ಸಲ ‘ನಾನೂ ಓಡಿಸಲಾ?’ ಎಂದು ಕೇಳಿದ್ದಳಂತೆ. ‘ಕ್ಲಚ್ಚು ಗಟ್ಟಿ, ನಿನ್ನ ಕಾಲಿಗೆ ಆಗಲ್ಲ’ ಎಂದನಂತೆ. ಅವಳು ಮತ್ತೆ ಕೇಳಲಿಲ್ಲ. ಮಾರ್ಲಿಸ್ ಒಂದೇ ಸಲ ಕೇಳುವ ಹೆಂಗಸು.

ನಮ್ಮ ಕಡೆ ಮೇ ತಿಂಗಳಲ್ಲಿ ನಡೆಯುವ ದೊಡ್ಡ ಕಾರ್ ರೇಸು ಮುಗಿದ ಮೇಲೆ ಕೆಲಸಕ್ಕೆ ಕೈ ಹಾಕಿದೆವು. ಕೈ ಹಾಕಿದವನು ನಾನು. ಲೋವೆಲ್ ಹಾಕಿದ್ದು ಬಾಯಿ. ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಆ ಸೆಕೆಯಲ್ಲೂ ಕಾರ್ಖಾನೆಯ ಹಳೆ ಜಾಕೆಟ್ ತೊಟ್ಟು ಕೂರುತ್ತಿದ್ದ. ನಾವಿಬ್ಬರೂ ಅದೇ ಕಾರ್ಖಾನೆಯಲ್ಲಿ, ಅದಕ್ಕೆ ಬೀಗ ಬೀಳುವವರೆಗೆ, ಒಂದೇ ಪಾಳಿಯಲ್ಲಿ ದುಡಿದವರು.

‘ಏನೋ ವರ್ಲಿನ್, ಬೋಲ್ಟನ್ನ ಮುದ್ದು ಮಾಡ್ತಾ ಇದೀಯಾ? ತಿರುಗಿಸೋ.’

‘ತುಕ್ಕು ಹಿಡಿದಿದೆ ಕಣೋ. ನಿನ್ನ ಹಾಗೇ.’

‘ನಾನು ತುಕ್ಕು ಹಿಡಿದಿಲ್ಲ, ಸವೆದಿದೀನಿ. ಅದು ಬೇರೆ ಇದು ಬೇರೆ. ಎಣ್ಣೆ ಬಿಟ್ಟು ಕಾಯಿ, ಆತುರಗೆಟ್ಟವನೇ.’

ಎಣ್ಣೆ ಬಿಟ್ಟು ಕಾದೆ. ಅವನು ಹೇಳಿದ್ದೇ ಸರಿಯಾಯಿತು. ಮುಂಚಕ್ರದ ಹಳೆ ಸ್ಪ್ರಿಂಗ್ ತೆಗೆಯುವುದು ಹುಡುಗಾಟವಲ್ಲ. ಅದು ಕಾರಿನ ಭಾರವನ್ನೆಲ್ಲ ಹೊತ್ತು ಮುದುಡಿ ಕೂತಿರುತ್ತದೆ. ಹಿಡಿತ ತಪ್ಪಿದರೆ ಗೋಡೆಯನ್ನೂ ತೂತು ಮಾಡುತ್ತದೆ, ಮನುಷ್ಯನನ್ನೂ. ಸರಪಳಿ ಸುತ್ತಿ, ಕೆಳಗೆ ಜಾಕ್ ಕೊಟ್ಟು, ಉಸಿರು ಬಿಗಿಹಿಡಿದು ಇಳಿಸುತ್ತಿದ್ದರೆ ಲೋವೆಲ್ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ. ಸ್ಪ್ರಿಂಗ್ ನೆಲಕ್ಕೆ ಬಿದ್ದು ಉರುಳಿದಾಗ ಇಬ್ಬರಿಗೂ ನಗು ಬಂತು. ಅವನ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಸುಧಾರಿಸಿಕೊಂಡ ಮೇಲೆ ಅವನೇ ಮಾತು ತೆಗೆದ.

‘ಇದು ನನಗಲ್ಲ ಕಣೋ.’

‘ಯಾವುದು?’

‘ಈ ಕೆಲಸ. ತಿರುವಲ್ಲಿ ಈ ಕಾರು ದೋಣಿ ಹಾಗೆ ವಾಲುತ್ತೆ, ಬ್ರೇಕ್ ಒತ್ತಿದ್ರೆ ಮೂಗು ನೆಲಕ್ಕೆ ಹಾಕುತ್ತೆ. ನನಗಾದ್ರೆ ಅಭ್ಯಾಸ. ಮಾರ್ಲಿಸ್ ಕೈಗೆ ಸಿಕ್ಕೋ ಪ್ರಾಣಿ ಅಲ್ಲ ಇದು. ಹೊಸದು ಹಾಕಿದ್ರೆ ಮಾತು ಕೇಳುತ್ತೆ. ಕ್ಲಚ್ಚನ್ನೂ ಹಗುರ ಮಾಡಿಸಿದೀನಿ, ಹೋದ ವರ್ಷವೇ.’

‘ಅವಳಿಗೆ ಹೇಳಿದೀಯಾ?’

‘ಹೇಳಿದೆ. ಪಾತ್ರೆ ತೊಳೀತಾ ಇದ್ದೋಳು ನಲ್ಲಿ ಇನ್ನೂ ಜೋರಾಗಿ ಬಿಟ್ಟಳು.’ ಜಾಕೆಟ್ಟಿನ ತೋಳಿಗೆ ಬಾಯಿ ಒರೆಸಿಕೊಂಡ. ‘ಸತ್ತ ಮೇಲೆ ಸಿಕ್ಕಿದ್ರೆ ಅದು ಉಯಿಲು. ಬದುಕಿದ್ದಾಗ ನಾನೇ ಕೊಟ್ರೆ ಕೊಟ್ಟ ಹಾಗೆ. ಆ ಸೀಟಲ್ಲಿ ಅವಳು ಒಂದು ಸಲ ಕೂತಿದ್ದನ್ನ ನೋಡ್ಬೇಕು. ಅಷ್ಟೇ. ಆಮೇಲೆ ಬೇಕಾದ್ರೆ ಮಾರ್ಕೊಳ್ಳಲಿ.’

ಮಾರ್ಲಿಸ್ ಊಟಕ್ಕೆ ಒಳಗೆ ಕರೆದಳು. ಕೋಳಿ ನೂಡಲ್ಸು, ಕೆಳಗೆ ಆಲೂಗಡ್ಡೆ ಮುದ್ದೆ. ನಮ್ಮ ಕಡೆ ಕಾಯಿಲೆಗೂ ಅದೇ, ಮದುವೆಗೂ ಅದೇ. ಲೋವೆಲ್‌ನ ತಟ್ಟೆಯಲ್ಲಿ ಗುಡ್ಡವೇ ಇತ್ತು. ಅವನು ಚಮಚದಿಂದ ಗುಡ್ಡವನ್ನು ಅಲ್ಲಿಂದಿಲ್ಲಿಗೆ ಸರಿಸಿ, ಮಲಗುತ್ತೇನೆಂದು ಎದ್ದು ಹೋದ.

‘ನಿನ್ನೆ ಎರಡು ಸಲ ಹಾಕಿಸ್ಕೊಂಡ’ ಎಂದಳು ಮಾರ್ಲಿಸ್, ತಟ್ಟೆಯನ್ನೇ ನೋಡುತ್ತ. ‘ಈ ತಿಂಗಳು ಮೈ ತುಂಬ್ಕೊಳ್ತಾ ಇದೆ. ಕೆನ್ನೆ ನೋಡಿದ್ಯಾ?’

‘ನೋಡಿದೆ’ ಎಂದೆ.

‘ಅವನು ಏನು ಕೇಳ್ತಾ ಇದಾನೆ ಅಂತ ನಿನಗೂ ಹೇಳಿರ್ತಾನೆ.’

‘ಒಂದು ಸಲ ಕೂತುಬಿಡು ಮಾರ್ಲಿಸ್. ಅದರಲ್ಲೇನಿದೆ?’

‘ಅದರಲ್ಲೇನಿದೆ!’ ತಟ್ಟೆಯನ್ನು ಎತ್ತಿಕೊಂಡಳು. ‘ನಾನು ಆ ಸೀಟಲ್ಲಿ ಕೂತ್ರೆ, ಹೋಗಿ ಬಾ ಅಂತ ಅಪ್ಪಣೆ ಕೊಟ್ಟ ಹಾಗೆ. ಅವನು ಅದಕ್ಕೇ ಕಾಯ್ತಾ ಇದಾನೆ. ನಾನು ಕೂರದೇ ಇದ್ರೆ ಅವನು ಹೋಗಲ್ಲ. ಹಟಮಾರಿ. ನನಗೆ ಗೊತ್ತು.’

ನನ್ನ ಹೆಂಡತಿ ಟ್ವೈಲಾ ತೀರಿಕೊಂಡ ವರ್ಷ ನಾನೂ ಇಂಥದ್ದೇ ಏನನ್ನೋ ನಂಬಿಕೊಂಡಿದ್ದೆ. ಆದ್ದರಿಂದ ವಾದಕ್ಕೆ ಹೋಗಲಿಲ್ಲ. ನೂಡಲ್ಸು ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಕೆಲಸ ಜೂನ್ ಅರ್ಧದವರೆಗೆ ಎಳೆಯಿತು. ಚಕ್ರಗಳನ್ನು ಹಿಡಿದಿಡುವ ಹಳೆಯ ಕಬ್ಬಿಣದ ತೋಳುಗಳು ಹೋಗಿ ಹೊಸವು ಬಂದವು. ಕುಲುಕು ತಡೆಯುವ ಹೊಸ ಶಾಕ್‌ಗಳ ಮೈಗೇ ಸ್ಪ್ರಿಂಗ್ ಸುತ್ತಿಕೊಂಡಿತ್ತು. ಅದರ ಬುಡದಲ್ಲಿ ಬಳೆಯಂಥ ದೊಡ್ಡ ನಟ್ಟು. ಬಳೆಯನ್ನು ಒಂದು ಕಡೆ ತಿರುಗಿಸಿದರೆ ಕಾರು ಏರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಇಳಿಯುತ್ತದೆ. ಇಂಥ ಸ್ಪ್ರಿಂಗ್ ಹಾಕುವವರು ಕೊನೆಯಲ್ಲಿ ಒಂದು ಕೆಲಸ ಮಾಡಲೇಬೇಕು. ಖಾಲಿ ಕಾರಿಗೆ ಎತ್ತರ ಹೊಂದಿಸಿದರೆ ಆಗದು. ಓಡಿಸುವವನ ತೂಕ ಸೀಟಿನ ಮೇಲೆ ಇರಬೇಕು. ಆ ತೂಕಕ್ಕೆ ಕಾರು ಎಡಕ್ಕೂ ಬಲಕ್ಕೂ ಸಮವಾಗಿ ನಿಲ್ಲುವಂತೆ ಬಳೆ ತಿರುಗಿಸಬೇಕು.

ಲೋವೆಲ್ ಕಾಯುತ್ತಿದ್ದದ್ದು ಈ ದಿನಕ್ಕೇ.

ಕಾರನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ಚಕ್ರವೂರಿ ನಿಲ್ಲಿಸಿದ್ದೆ, ಅಡಿಯಲ್ಲಿ ನುಸುಳುವಷ್ಟು ಜಾಗ ಇರಲೆಂದು. ಮಾರ್ಲಿಸ್ ಅವನ ಮಾತ್ರೆ, ನೀರು ಹಿಡಿದು ಬಂದಳು. ಅವನು ಮಾತ್ರೆ ನುಂಗಿ, ಲೋಟ ವಾಪಸು ಕೊಡುತ್ತ, ‘ಮಾರ್ಲಿಸ್, ಒಂದು ಗಳಿಗೆ ಆ ಸೀಟಲ್ಲಿ ಕೂತ್ಕೋ. ವರ್ಲಿನ್‌ಗೆ ಅಳತೆ ಬೇಕಂತೆ’ ಎಂದ.

ನನ್ನನ್ನು ಎಳೆದದ್ದು ನನಗೆ ಹಿಡಿಸಲಿಲ್ಲ. ಆದರೂ ಅಳತೆ ಟೇಪು ಕೈಗೆತ್ತಿಕೊಂಡೆ.

‘ಯಾರ ಕಾರು ಇದು?’ ಎಂದಳು.

‘ನಿನ್ನದು.’

‘ನನ್ನದಲ್ಲ. ನಿನ್ನ ಕಾರು, ನೀನೇ ಓಡಿಸೋದು. ನಿನ್ನ ತೂಕಕ್ಕೇ ಆಗ್ಬೇಕು.’

ಸರಸರ ಒಳಗೆ ಹೋದಳು. ಬಂದಾಗ ಕೈಯಲ್ಲಿ ನೀರು ಮೆದು ಮಾಡುವ ಯಂತ್ರಕ್ಕೆ ಹಾಕುವ ಉಪ್ಪಿನ ಚೀಲ, ನಲವತ್ತು ಪೌಂಡಿನದು. ಸೀಟಿನ ಮೇಲೆ ಎತ್ತಿ ಹಾಕಿದಳು. ಮತ್ತೆ ಹೋಗಿ ಇನ್ನೊಂದು ತಂದಳು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ದೂಡಿದಳು. ಕಾಯಿಲೆಗೆ ಮೊದಲಿನ, ಇನ್ನೂರು ಪೌಂಡು ದಾಟಿದ ಲೋವೆಲ್‌ನನ್ನು ಅವಳು ನೆಲಮಾಳಿಗೆಯಿಂದ ಚೀಲ ಚೀಲವಾಗಿ ಹೊತ್ತು ತಂದು ಆ ಸೀಟಿನ ಮೇಲೆ ಕೂರಿಸಿದಳು. ಮುಖವೆಲ್ಲ ಕೆಂಪಾಗಿತ್ತು.

‘ತಗೋ. ನನ್ನ ಗಂಡ. ಅಳೆ’ ಎಂದಳು.

‘ನನಗಿಂತ ಚೆಲುವ ಇದಾನೆ. ಬಾಯೂ ಕಡಿಮೆ’ ಎಂದ ಲೋವೆಲ್.

ನಾನು ಮಡ್ಗಾರ್ಡುಗಳನ್ನು ಅದುಮಿ ಅದುಮಿ ಕಾರನ್ನು ಕೂರಿಸಿದೆ. ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದೆ, ಬಳೆ ತಿರುಗಿಸಿದೆ, ಮತ್ತೆ ಹಿಡಿದೆ. ಕಡೆಗೆ ಎಡ ಬಲ ಎರಡೂ ಒಂದೇ ಗೆರೆಗೆ ಬಂದವು.

‘ಆಯ್ತಲ್ಲ? ಎಲ್ಲ ಸರಿಯಾಗಿದೆಯಲ್ಲ?’ ಎಂದಳು ಮಾರ್ಲಿಸ್.

‘ಈಗ ಚೀಲ ತೆಗಿ, ವರ್ಲಿನ್’ ಎಂದ ಲೋವೆಲ್.

ತೆಗೆದೆ. ಅವನು ಕುರ್ಚಿಯಿಂದ ಎದ್ದ. ಕಾರಿನವರೆಗೆ ನಾಲ್ಕು ಹೆಜ್ಜೆ. ಗೋಡೆ ಹಿಡಿದು, ಬಾಗಿಲು ಹಿಡಿದು ಬಂದ. ಸೀಟಿಗೆ ಇಳಿದು, ಕಾಲುಗಳನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಸ್ಟೀರಿಂಗ್ ಮೇಲೆ ಕೈ ಇಟ್ಟು, ಎದುರಿಗಿದ್ದ ಗೋಡೆಯನ್ನು ರಸ್ತೆ ನೋಡುವ ಹಾಗೆ ನೋಡಿದ.

‘ಅಳತೆ ಜೋರಾಗಿ ಓದು.’

ಮತ್ತೆ ಅದುಮಿದೆ, ಟೇಪು ಹಿಡಿದೆ. ಚಾಲಕ ಕೂರುವ ಎಡಗಡೆ ಕಾಲು ಇಂಚು ಮೇಲೆದ್ದಿತ್ತು. ಕಾಲು ಇಂಚು ಕಣ್ಣಿಗೆ ಕಾಣುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಲಿಸ್ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ಅವಳ ಏದುಸಿರು ಕೇಳುತ್ತಿತ್ತು.

‘ಸರಿಯಾಗೇ ಇದೆ’ ಎಂದೆ.

‘ಸುಳ್ಳ’ ಎಂದ ಲೋವೆಲ್ ಮೆಲ್ಲಗೆ.

ಮಾರ್ಲಿಸ್ ನನ್ನ ಕೈಯಿಂದ ಟೇಪು ತೆಗೆದುಕೊಂಡಳು. ಅವಳು ಮದುವೆ ಉಡುಪಿನ ಅಂಗಡಿಯಲ್ಲಿ ವರ್ಷಗಟ್ಟಲೆ ಸಡಿಲ ಬಟ್ಟೆ ಹಿಡಿಸುವ, ಬಿಗಿಯಾದದ್ದನ್ನು ಬಿಡಿಸುವ ಕೆಲಸ ಮಾಡಿದವಳು. ಮದುಮಗಳ ಲಂಗದ ಅಂಚಿಗೆ ಕೂರುವಂತೆ ಚಕ್ರದ ಮುಂದೆ ಮಂಡಿಯೂರಿ ಕೂತಳು. ಒಂದು ಕಡೆ ಅಳೆದಳು. ಎದ್ದು ಸುತ್ತಿ ಹೋಗಿ ಇನ್ನೊಂದು ಕಡೆ ಅಳೆದಳು. ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಆ ವ್ಯತ್ಯಾಸವನ್ನೇ ನೋಡುತ್ತ ಕೂತುಬಿಟ್ಟಳು.

‘ನಿನ್ನ ಪ್ಯಾಂಟುಗಳ ಸೊಂಟ ಹಿಡಿಸಿದೀನಿ ಲೋವೆಲ್’ ಎಂದಳು, ತಲೆ ಎತ್ತದೆ. ‘ಎಲ್ಲವನ್ನೂ. ಬಿಚ್ಚಿ ಬಿಚ್ಚಿ ಮತ್ತೆ ಹಿಡಿಸಿದೀನಿ.’

‘ಗೊತ್ತು.’

‘ಗೊತ್ತಿದ್ದೂ ಯಾಕೆ ಹೇಳಲಿಲ್ಲ?’

‘ಹೊಲಿಗೆ ಅಷ್ಟು ಚೆನ್ನಾಗಿತ್ತು. ಹೇಳೋಕೆ ಮನಸ್ಸು ಬರಲಿಲ್ಲ.’

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಗರಗರ ಎನ್ನುತ್ತಿತ್ತು. ಅದು ನಿಂತಿತು. ಮಾರ್ಲಿಸ್ ಎದ್ದು ಟೇಪನ್ನು ನನ್ನ ಕೈಗಿಟ್ಟಳು. ಚಾಲಕನ ಬಾಗಿಲಿಗೆ ಹೋಗಿ ಬಗ್ಗಿ, ಅವನ ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನನ್ನು ಎಬ್ಬಿಸಲು ಈಗ ಅವಳೊಬ್ಬಳೇ ಸಾಕಾಗುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಅವನನ್ನು ಕುರ್ಚಿಗೆ ಮುಟ್ಟಿಸಿ, ಜಾಕೆಟ್ಟಿನ ಕಾಲರು ಸರಿಮಾಡಿ, ತಿರುಗಿ ಬಂದು, ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಳು.

‘ಸೀಟು ಮುಂದಕ್ಕೆ ತಗೋ. ಕೆಳಗೆ ಎಡಗಡೆ ಹಿಡಿ ಇದೆ’ ಎಂದ ಲೋವೆಲ್.

‘ನನಗೆ ಗೊತ್ತು ಎಲ್ಲಿದೆ ಅಂತ. ಎಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿಲ್ಲ?’ ಸೀಟು ಸರಿದ ಸದ್ದಾಯಿತು. ‘ಕನ್ನಡೀಲಿ ಬರೀ ಚಾವಣಿ ಕಾಣುತ್ತೆ.’

‘ತಿರುಗಿಸ್ಕೋ. ನಿನಗೆ ಬೇಕಾದ ಹಾಗೆ ತಿರುಗಿಸ್ಕೋ.’

ತಿರುಗಿಸಿಕೊಂಡಳು. ಲೋವೆಲ್ ನೋಡುತ್ತಿದ್ದ. ನಾನು ಅವನ ಮುಖ ನೋಡಲಿಲ್ಲ. ನೋಡುವುದಕ್ಕೆ ನನಗೆ ಹಕ್ಕಿಲ್ಲ ಎನಿಸಿತು. ಬಳೆಗಳನ್ನು ಅವಳ ತೂಕಕ್ಕೆ ತಂದೆ. ಎಡ ಬಲ ಸಮವಾಯಿತು.

‘ಇನ್ನೂ ಎಷ್ಟು ಹೊತ್ತು ಕೂತಿರ್ಬೇಕು?’ ಎಂದಳು, ಮುಂದಿನ ಗಾಜಿನತ್ತಲೇ ನೋಡುತ್ತ.

‘ಕೆಳಗಿನ ಬೋಲ್ಟು ಬಿಗಿಯೋವರೆಗೂ’ ಎಂದೆ.

ಅದು ನಿಜವೇ. ತೋಳುಗಳ ಬೋಲ್ಟು ಹಾದುಹೋಗುವ ಕಡೆ ರಬ್ಬರಿನ ಬುಷ್ ಇರುತ್ತದೆ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಆಮೇಲೆ ಭಾರ ಬಿದ್ದಾಗ ರಬ್ಬರು ತಿರುಚಿಕೊಂಡು ಹರಿದುಹೋಗುತ್ತದೆ. ಭಾರವೆಲ್ಲ ಬಂದು ಕೂತ ಮೇಲೆಯೇ ಕೊನೆಯ ಬಿಗಿತ. ಅಲ್ಲಿಯವರೆಗೆ ಕೈಬಿಗಿತದಲ್ಲೇ ಬಿಟ್ಟಿರಬೇಕು. ನಾನೂ ಹಾಗೇ ಬಿಟ್ಟಿದ್ದೆ.

ಬೆನ್ನ ಮೇಲೆ ಮಲಗಿ ಅಡಿಗೆ ನುಸುಳಿದೆ. ಸಾಕಷ್ಟು ಬಿಗಿಯಾದಾಗ ಟಕ್ ಎನ್ನುವ ಉದ್ದ ಪಾನಾ ನನ್ನದು. ಮುಂದಿನವು ಮುಗಿದವು. ಹಿಂದಕ್ಕೆ ತೆವಳಿದೆ. ಎರಡನೆಯದೋ ಮೂರನೆಯದೋ ಬಿಗಿಯುತ್ತಿದ್ದಾಗ ಮೇಲಿನಿಂದ ಏನೋ ಕೇಳಿಸಿತು. ಸೀಟು ನರಳುತ್ತಿದೆ ಎಂದುಕೊಂಡೆ. ಆ ಕಾರುಗಳ ನೆಲದ ತಗಡು ತೆಳ್ಳಗೆ, ಏನನ್ನೂ ಮುಚ್ಚಿಡುವುದಿಲ್ಲ. ಬಾಯಿಗೆ ಕೈ ಒತ್ತಿಕೊಂಡು ಅಳುವವರ ಸದ್ದು ಅದು. ಏಪ್ರಿಲ್‌ನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಉಳಿದವನ್ನೂ ಬಿಗಿದೆ. ಕೆಲಸ ಮುಗಿಯಿತು. ಹೊರಗೆ ಬಂದರೆ ಅವಳು ಇಳಿಯಬೇಕಾಗುತ್ತದೆ. ಸುಮ್ಮನೆ ಮಲಗಿದ್ದೆ. ಅಲ್ಲಿಂದ ಲೋವೆಲ್‌ನ ಚಪ್ಪಲಿ, ಕಣಕಾಲು ಮಾತ್ರ ಕಾಣುತ್ತಿದ್ದವು.

‘ಹಿಂದಿನ ಬೋಲ್ಟು ಬಿಗಿದ್ಯಾ?’ ಎಂದ.

‘ಬಿಗಿದೆ.’

‘ಇನ್ನೊಂದು ಸಲ ನೋಡು.’

‘ಬಿಗಿದಾಯ್ತು ಕಣೋ, ಎಲ್ಲ ಸರಿ...’

‘ಇನ್ನೊಂದು ಸಲ ನೋಡು ಅಂದೆ. ಎಲ್ಲವನ್ನೂ.’

ಪಾನಾ ಎತ್ತಿ ಮೊದಲನೆಯದಕ್ಕೆ ಹಾಕಿದೆ. ಹಾಕುತ್ತಲೇ ಟಕ್ ಎಂದಿತು. ಮೇಲೆ ಅವಳು ಈಗ ಬಾಯಿಂದ ಕೈ ತೆಗೆದಿದ್ದಳು. ನಾನು ಮುಂದಿನದಕ್ಕೆ ಸರಿದೆ.