ಬುಕ್ಕು ಬಂದ ದಿನ

ಬಸ್ಸಿನ ನೆತ್ತಿ ಹತ್ತಿ ನಿಂತಾಗ, ಹತ್ತಿದ್ದು ಯಾಕೆ ಎಂಬುದೇ ಅಣ್ಣಾರಾಯನಿಗೆ ಒಂದು ಗಳಿಗೆ ಮರೆತುಹೋಯಿತು. ಕೆಳಗೆ ಕಂಡಕ್ಟರ್ ಮರಾಠಿಯಲ್ಲಿ ಬಯ್ಯುತ್ತಿದ್ದ. ಮೇಲೆ ಕೋಳಿಯ ಬುಟ್ಟಿ, ಚೆಂಡುಹೂವಿನ ಮೂಟೆ, ಯಾರದೋ ಟ್ರಂಕು. ಟ್ರಂಕಿನ ಅಡಿಯಲ್ಲಿ ಕಂದು ಕಾಗದದ ಕಟ್ಟು ಸಿಕ್ಕಿತು. ಅದರ ಮೇಲೆ ಅವನ ಹೆಸರು, ಹೆಸರಿನ ಮುಂದೆ ಬಿ.ಎ. ಪುಣೆಯ ಗೆಳೆಯ ಅದೊಂದನ್ನು ಬರೆಯದೆ ಬಿಡುವವನಲ್ಲ.

"ಬಂತು!" ಎಂಬ ಕೂಗು ಕೇಳಿತು. ಕೂಗಿದವನು ತಾನೇ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು.

ಅಷ್ಟು ಸಾಕಾಯಿತು. ಅಂದು ಖಂಡೇನವಮಿ. ಕುಡುಗೋಲು, ಕುಂಟೆ, ತಕ್ಕಡಿ ಎಲ್ಲ ಪೂಜೆಗೆ ಕೂತು, ಸೋನ್ಯಾಳದ ಗಂಡಸರ ಕೈಗೆ ಕೆಲಸವೇ ಇರಲಿಲ್ಲ. ಕಟ್ಟೆಯ ಮೇಲಿಂದ ಕುರಿಗಾರ ಧೂಳಪ್ಪ ಎದ್ದು, "ಬುಕ್ಕ ಬಂತಂತೋ! ಸಾವ್ಕಾರರ ಮೋಟಾರಿನ ಬುಕ್ಕ ಬಂತಂತೋ!" ಎಂದು ಊರಿಗೆಲ್ಲ ಕೇಳುವಂತೆ ಒದರಿದ. ಯಾರೋ ಡೊಳ್ಳು ಬಾರಿಸಿಯೇ ಬಿಟ್ಟರು.

ಮೋಟಾರು ಕಾರನ್ನು ಅಣ್ಣಾರಾಯ ಮಿರಜಿನ ಡಾಕ್ಟರರೊಬ್ಬರಿಂದ ಕೊಂಡದ್ದು. ತೀರ ಹೊಸ ನಮೂನೆ. ಗೇರು ಕೂಡ ಸ್ಟೀರಿಂಗಿನ ಪಕ್ಕದಲ್ಲೇ. ಯುಗಾದಿಯ ಮುಂಚೆ ಊರಿಗೆ ತಾನೇ ಓಡಿ ಬಂದು ಮನೆಯೆದುರಿನ ಬೇವಿನ ಮರದ ಕೆಳಗೆ ನಿಂತದ್ದು ಮತ್ತೆ ತಾನಾಗಿ ಕದಲಿರಲಿಲ್ಲ. ಮೊದಮೊದಲು ಸೆಲ್ಫ್ ಸ್ಟಾರ್ಟರು ಒತ್ತಿದರೆ ಕೆಮ್ಮುತ್ತಿತ್ತು. ಆಮೇಲೆ ಅದನ್ನೂ ಬಿಟ್ಟಿತು. ಜತ್ತದಿಂದ ಬಂದ ಲಾರಿ ಮೇಸ್ತ್ರಿ ಬಾನೆಟ್ ಎತ್ತಿ ಒಳಗೆ ಇಣುಕಿ, ಮೆಲ್ಲಗೆ ಇಳಿಸಿ, "ಇದು ಹೊಸಾ ಗಾಡಿರಿ. ಇದರ ಬುಕ್ಕ ಬೇಕು," ಎಂದು ಚಹಾ ಕುಡಿದು ಹೋಗಿದ್ದ.

ಆ ಮಾತು ಅಣ್ಣಾರಾಯನಿಗೆ ಹಿಡಿಸಿತು. ಸಾಂಗಲಿಯಲ್ಲಿ ತರ್ಕಶಾಸ್ತ್ರ ಓದಿ ಬಂದವನಿಗೆ ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ಹೊಲ, ಅಂಗಡಿ ಎರಡನ್ನೂ ಅಣ್ಣ ನೋಡಿಕೊಳ್ಳುತ್ತಿದ್ದ. ಈಗ ಅವನಿಗೂ ಒಂದು ಕೆಲಸ ಸಿಕ್ಕಿತು: ಬುಕ್ಕು ಹುಡುಕುವುದು. ಮುಂಬಯಿಗೆ ಬರೆದ, ಕೊಲ್ಲಾಪುರಕ್ಕೆ ಬರೆದ, ಗೆಳೆಯರನ್ನು ಕಾಡಿದ. ಗಾಡಿ ಯಾಕೆ ನಿಂತಿದೆ ಎಂದು ಕೇಳಿದವರಿಗೆ, "ಬುಕ್ಕ ಬರಬೇಕು." ಸಾಲಿ ಮಾಸ್ತರಕಿ ಯಾಕೆ ಹಿಡಿಯಲಿಲ್ಲ ಎಂದು ಕೇಳಿದವರಿಗೂ, "ಬುಕ್ಕ ಬರಲಿ." ಬರಬರುತ್ತ ಮಂದಿ ಕೇಳುವ ಮೊದಲೇ ಉತ್ತರ ಹೇಳತೊಡಗಿದ್ದ.

ಬೇಸಿಗೆಯಲ್ಲಿ ಒಂದು ಪುಸ್ತಕ ಬಂದಿತ್ತು ಕೂಡ. ಅದು ಮೋಟಾರಿನ ಒಡೆಯರಿಗೆಂದು ಬರೆದದ್ದು. ಎಂಜಿನ್ನಿನ ಮಾತು ಬಂದಲ್ಲೆಲ್ಲ, 'ನಿಮ್ಮ ಹತ್ತಿರದ ಡೀಲರನ್ನು ಕಾಣಿರಿ' ಎಂದು ಕೈತೊಳೆದುಕೊಂಡಿತ್ತು. ಸಿಗರೇಟಿನ ಬೂದಿ ಬಟ್ಟಲನ್ನು ಬಿಚ್ಚಿ ತೊಳೆಯುವುದನ್ನು ಮಾತ್ರ ಚಿತ್ರಸಹಿತ ವಿವರಿಸಿತ್ತು. ಅಣ್ಣಾರಾಯ ಸಿಗರೇಟು ಸೇದುತ್ತಿರಲಿಲ್ಲ. ಆದರೂ ಬಟ್ಟಲನ್ನು ದಿನಾ ಬಿಚ್ಚಿ ತೊಳೆದು ಕೂಡಿಸುತ್ತಿದ್ದ.

ಇಂದು ಬಂದದ್ದು ಅಂಥದ್ದಲ್ಲ. ವರ್ಕ್‌ಶಾಪಿನವರು ಇಟ್ಟುಕೊಳ್ಳುವ ಅಸಲಿ ಪುಸ್ತಕ, ಇಟ್ಟಿಗೆಯಷ್ಟು ದಪ್ಪ. ಹಿಂದೆ ಬರುತ್ತಿದ್ದ ಡೊಳ್ಳಿನವರನ್ನು ತಪ್ಪಿಸಿಕೊಂಡು, ಹಾಳು ಗೋಡೆಯೊಂದರ ಮರೆಗೆ ಹೋಗಿ ಕಾಗದ ಹರಿದ. ತನಗೆ ತಾನೇ ಹಲ್ಲು ಕಿಸಿಯುತ್ತಿದ್ದ. ಮದುವೆಯ ದಿನವೂ ಇಷ್ಟು ಹಿಗ್ಗಿರಲಿಲ್ಲವಲ್ಲ ಎಂದುಕೊಂಡು ಇನ್ನಷ್ಟು ನಕ್ಕ.

ಮೊದಲ ಪುಟದ ಮೊದಲ ಸಾಲು ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ಹೇಳಿತು: ಈ ಪುಸ್ತಕ ತರಬೇತಾದ ಕೆಲಸಗಾರರಿಗಾಗಿ, ಅವರಿಗೆ ಈಗಾಗಲೇ ಗೊತ್ತಿರುವ ಯಾವುದನ್ನೂ ಇಲ್ಲಿ ಹೇಳಿಲ್ಲ.

ಮತ್ತೊಮ್ಮೆ ಓದಿದ. ಪ್ರತಿಯೊಂದು ಶಬ್ದ ತಿಳಿಯಿತು. ಪುಟ ಮಗುಚಿದ. ಎಂಜಿನ್ನಿನ ಭಾಗಗಳೆಲ್ಲ ಬಿಡಿಬಿಡಿಯಾಗಿ, ಒಂದಕ್ಕೊಂದು ತಾಗದೆ ಗಾಳಿಯಲ್ಲಿ ನಿಂತಿದ್ದವು. ಪ್ರತಿಯೊಂದಕ್ಕೂ ಹೆಸರಿತ್ತು. ಹೆಸರುಗಳನ್ನೂ ಓದಿದ. ನಿಂತ ಗಾಡಿಯನ್ನು ಓಡಿಸುವುದು ಹೇಗೆಂದು ಮಾತ್ರ ಎಲ್ಲಿಯೂ ತಿಳಿಯಲಿಲ್ಲ. ಇನ್ನು ಯಾರಿಗೂ 'ಬುಕ್ಕ ಬರಬೇಕು' ಎಂದು ಹೇಳುವಂತಿರಲಿಲ್ಲ.

ನಿನ್ನೆ ಹೆಂಡತಿ ಸಾವಿತ್ರೆವ್ವ ತಲೆ ಬಾಚಿಕೊಳ್ಳುತ್ತ ಹೇಳಿದ್ದಳು: "ನಾಳೆ ತಮ್ಮ ಗುರುಲಿಂಗ ಬರತಾನ್ರಿ ನನ್ನ ತವರಿಗೆ ಕರಿಯಾಕ. ಅಸಂಗಿಗೆ ನಿಮ್ಮ ಗಾಡ್ಯಾಗ ಹೋದರ ನಿಮ್ಮ ಗಾಡ್ಯಾಗ ತಿರುಗಿ ಬರತೀನಿ. ಅವನ ಚಕ್ಕಡ್ಯಾಗ ಹೋದರ, ಬರೂದು ಆಮ್ಯಾಲ ನೋಡೂಣು."

"ಅಂದ್ರ?"

"ಅಂದ್ರ ಅಷ್ಟ."

ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಅವನು ರಾತ್ರಿ ನಿದ್ದೆ ಮಾಡುತ್ತಿದ್ದ. ಊರ ಮಂದಿ ತಮಾಷೆಗೆ ಗಾಡಿಯನ್ನು ನೂಕಿ ಆಡಿಸುವಾಗಲೆಲ್ಲ ಅವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು, ಒಮ್ಮೆಯೂ ಹತ್ತಿರಲಿಲ್ಲ. "ತಾನಾಗಿ ಹೋಗೂ ದಿನಾ ಕುಂದ್ರತೀನಿ," ಎನ್ನುತ್ತಿದ್ದಳು. ಅವಳು ಹೋದರೆ ತಾನು ಯಾರಿಗೆ ಉತ್ತರ ಹೇಳುವುದು ಎಂದು ನೆನೆದು ಅವನಿಗೆ ಭಯವಾಗಿತ್ತು.

ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಪೂಜೆ ಸಜ್ಜಾಗಿತ್ತು. ತಾಯಿ ಶಿವಲಿಂಗವ್ವ ಕುಡುಗೋಲು, ಕೊಡಲಿ, ಅಂಗಡಿಯ ತಕ್ಕಡಿ, ಮಗನ ನಟ್ಟು ಬಿಚ್ಚುವ ಪಾನೆಗಳು ಎಲ್ಲವನ್ನೂ ತೊಳೆದು ಜೋಡಿಸಿದ್ದಳು. ಅವನ ಕೈಯಲ್ಲಿದ್ದುದನ್ನು ನೋಡಿ ಮುಖ ಅರಳಿಸಿ, ಕೇಳದೆ ಕಿತ್ತುಕೊಂಡು ಪಾನೆಗಳ ಮೇಲಿಟ್ಟಳು. ವಿಭೂತಿಯ ಮೂರು ಗೆರೆ ಎಳೆದು ಕುಂಕುಮ ಹಚ್ಚಿ ಹೂ ಏರಿಸಿದಳು.

"ಅವ್ವಾ, ಅದು ಓದೂದು."

"ಈಗ ಪೂಜಿಗಿ ಕುಂತೈತಿ. ನಾಳೆ ಬನ್ನಿ ಮುಡಿಯೂ ತನಕ ಯಾರೂ ಎತ್ತಬಾರದು. ಯುಗಾದಿಯಿಂದ ತಡದಾಂವಗ ಒಂದ ದಿನಾ ತಡಿಯಾಕ ಆಗೂದಿಲ್ಲೇನು, ತಮ್ಮಾ?"

ನಾಳೆಯ ತನಕ! ಅಣ್ಣಾರಾಯನಿಗೆ ಕಣ್ಣಿಗೆ ಕತ್ತಲೆ ಕವಿಯುವಷ್ಟು ಸಂತೋಷವಾಯಿತು. ದೇವರಲ್ಲಿ ಅಷ್ಟಾಗಿ ನಂಬಿಕೆ ಇಲ್ಲದವನು ಧೊಪ್ಪನೆ ಬಿದ್ದು, ಪುಸ್ತಕಕ್ಕೆ ಉದ್ದಕ್ಕೆ ನಮಸ್ಕಾರ ಹಾಕಿದ. ಬಾಗಿಲಲ್ಲಿ ನೆರೆದವರು, "ಕಲತಾಂವಗ ಭಕ್ತಿ ನೋಡ್ರಿ," ಎಂದು ಮೆಚ್ಚಿಕೊಂಡರು. ಅವನಿಗೆ ಏಳುವ ಮನಸ್ಸೇ ಇರಲಿಲ್ಲ.

ಎದ್ದಾಗ ಎದುರಿಗೆ ಸಾವಿತ್ರೆವ್ವ. ಇಳಕಲ್ಲ ಸೀರೆ ಉಟ್ಟಿದ್ದಳು, ಬಗಲಲ್ಲಿ ಬಟ್ಟೆಯ ಗಂಟು. ಅವಳ ಹಿಂದೆ ತಮ್ಮ ಗುರುಲಿಂಗಪ್ಪ ಚಕ್ಕಡಿಯ ಬಾರುಕೋಲು ಹಿಡಿದು ನಿಂತಿದ್ದ.

"ಬುಕ್ಕ ಬಂತಲ್ರಿ," ಎಂದಳು.

"ಬಂತು."

"ಮತ್ತ ನಡೀರಿ, ಹೋಗೂಣು."

"ಅದು ಪೂಜಾದಾಗ ಐತಿ."

"ಇರಲಿ. ಬುಕ್ಕ ಬರಬೇಕು ಅಂತಿದ್ರಿ. ಬಂದೈತಿ. ಅತ್ತಿಯಾರು ಪೂಜಾನೂ ಮಾಡ್ಯಾರು."

ತರ್ಕದಲ್ಲಿ ತಪ್ಪಿರಲಿಲ್ಲ. ಬುಕ್ಕು ಬರಬೇಕು ಎಂದಿದ್ದನೇ ಹೊರತು, ಓದಬೇಕು, ತಿಳಿಯಬೇಕು, ಕೈಗೆ ಮಸಿ ಹಚ್ಚಿಕೊಳ್ಳಬೇಕು ಎಂದು ಅವನು ಒಂದು ದಿನವೂ ಯಾರಿಗೂ ಹೇಳಿರಲಿಲ್ಲ. ಈಗ ಹೇಳಬಹುದಿತ್ತು. ಅವಳ ಮುಖ ನೋಡಿದ. ಮದುವೆಯಾಗಿ ಬಂದ ಹೊಸದರಲ್ಲಿ ಇದ್ದ ಒಂದು ಕುತೂಹಲ ಅದರಲ್ಲಿ ತಿರುಗಿ ಬಂದಿತ್ತು. ಅದನ್ನು ಕೆಡಿಸುವ ಧೈರ್ಯ ಅವನಿಗಾಗಲಿಲ್ಲ.

"ಮಾವಾರ, ನಾ ಹಿಂದ ಚಕ್ಕಡಿ ಹೊಡಕೊಂಡ ಬರ್ಲೇನ್ರಿ?" ಎಂದ ಗುರುಲಿಂಗಪ್ಪ.

"ಬಾ," ಎಂದ ಅಣ್ಣಾರಾಯ. ಬೇರೆ ಯಾರೋ ಅಂದ ಹಾಗಿತ್ತು.

ಗಾಡಿಗೆ ಜೋಳದ ದಂಟು ಕಟ್ಟಿ ಹೂವಿನ ಸರ ಹಾಕಿದ್ದರು. ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಹತ್ತಿ ಕೂತಳು. ಅಣ್ಣಾರಾಯ ಪಕ್ಕದಲ್ಲಿ ಕೂತ. ಸೆಲ್ಫ್ ಒತ್ತಿದ. ಏನೂ ಆಗಲಿಲ್ಲ. ಅವಳಿಗೆ ಅದು ತಿಳಿಯಲೂ ಇಲ್ಲ.

"ಪೂಜಿಗಿಟ್ಟಿದ್ದ ಎತ್ತಬಾರದ್ರಿ," ಎಂದ ಧೂಳಪ್ಪ, ಅಂಗಿಯ ತೋಳು ಮೇಲಕ್ಕೆ ಸರಿಸಿ. "ನೂಕಬಾರದಂತ ಯಾರೂ ಅಂದಿಲ್ಲ. ಹಿಡೀರಿ!"

"ನೂಕತಾರೇನ್ರಿ?" ಸಾವಿತ್ರೆವ್ವನ ದನಿ ಇಳಿಯಿತು.

"ಸುರುವಿಗೆ ಅಷ್ಟ," ಎಂದ ಅಣ್ಣಾರಾಯ. "ಆಮ್ಯಾಲ ತಾನ ಹೋಗತೈತಿ."

ಹತ್ತಾರು ಕೈಗಳು ಬಿದ್ದವು. ಡೊಳ್ಳು, ಎರಚಿದ ಅರಿಶಿನ ಭಂಡಾರ, ಕೇಕೆ. ಗಾಡಿ ಬೇವಿನ ನೆರಳು ಬಿಟ್ಟು ಬಿಸಿಲಿಗೆ ಬಂತು. ಓಣಿ ದಾಟಿದ ಮೇಲೆ ಅಸಂಗಿಯ ದಾರಿ ಹಳ್ಳದ ಕಡೆಗೆ ಇಳಿಯುತ್ತದೆ. ಅಲ್ಲಿಗೆ ಬಂದದ್ದೇ ಗಾಡಿ ಹಗುರಾಯಿತು. ನೂಕುತ್ತಿದ್ದ ಕೈಗಳು ಒಂದೊಂದಾಗಿ ಹಿಂದೆ ಉಳಿದವು. ಹಿಂದಿನಿಂದ ಕೂಗು ಎದ್ದಿತು:

"ಹೋತೋ! ತಾನ ಹೋತೋ!"

ಸಾವಿತ್ರೆವ್ವ ಹೊರಳಿ ನೋಡಿದಳು. ಯಾರೂ ಮುಟ್ಟಿರಲಿಲ್ಲ. ಎಲ್ಲರೂ ದೂರದಲ್ಲಿ ಟೊಪ್ಪಿಗೆ, ರುಮಾಲು ತೂರಿ ಕುಣಿಯುತ್ತಿದ್ದರು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಸೆರಗು ಬಿಟ್ಟು, ಹಲ್ಲು ಕಾಣುವಂತೆ ಮತ್ತೂ ನಕ್ಕಳು. ಈ ನಗುವಿನ ಸಪ್ಪಳವನ್ನು ತಾನು ಇದುವರೆಗೆ ಕೇಳಿಯೇ ಇರಲಿಲ್ಲ ಎಂದು ಅಣ್ಣಾರಾಯನಿಗೆ ಅನ್ನಿಸಿತು.

"ಸಪ್ಪಳನ ಇಲ್ಲಲ್ರಿ ಇದಕ!"

"ಹೊಸಾ ನಮೂನಿ."

"ಬಸ್ಸು ಎಷ್ಟ ಒದರತೈತಿ. ಇದು ನೋಡ್ರಿ, ಭಾಳ ಚಲೋ ಐತಿ. ನಾ ಸುಮ್ಮ ನಿಮ್ಮನ್ನ ಆಡಿಕೊಂಡೆ."

ಅವಳು ಕಿಟಕಿಯಾಚೆ ಕೈ ಚಾಚಿ ಗಾಳಿ ಹಿಡಿಯತೊಡಗಿದಳು. ಬಳೆಗಳು ಕಿಣಿಕಿಣಿ ಎಂದವು. ಗೇರು ಹಾಕಿ ಕ್ಲಚ್ಚು ಬಿಟ್ಟರೆ ಎಂಜಿನ್ನು ಹತ್ತಿಕೊಂಡರೂ ಹತ್ತಿಕೊಳ್ಳಬಹುದು. ಅಷ್ಟು ಅವನಿಗೂ ಗೊತ್ತಿತ್ತು. ಹತ್ತದಿದ್ದರೆ ಗಾಡಿ ಗಕ್ಕನೆ ಒದ್ದು ನಿಲ್ಲುತ್ತದೆ, ನಗುವೂ ನಿಲ್ಲುತ್ತದೆ. ಕ್ಲಚ್ಚಿನ ಮೇಲಿದ್ದ ಕಾಲಿಗೆ ಏಳು ಎಂದ. ಕಾಲು ಏಳಲಿಲ್ಲ. ಗಾಲಿಯ ಕೆಳಗೆ ಒಂದೊಂದು ಹರಳು ಚೂರಾಗುವುದೂ ಕೇಳುತ್ತಿತ್ತು. ಅವನಿಗೆ ಹೆದರಿಕೆ ಇತ್ತು, ಆದರೂ ಬಹಳ ಸುಖವಾಗಿದ್ದ.

"ಇನ್ನಷ್ಟು ಜೋರ ಬಿಡ್ರಿ," ಎಂದಳು ಸಾವಿತ್ರೆವ್ವ.

"ಬಿಡತೀನಿ," ಎಂದ ಅಣ್ಣಾರಾಯ.

ಮುಂದೆ ಇಳಿಜಾರು ಮುಗಿದು ಹಳ್ಳದ ಒಣ ಮರಳು ಬೆಳ್ಳಗೆ ಅಗಲವಾಗಿ ಬಿದ್ದಿತ್ತು, ಅದರಾಚೆ ದಾರಿ ನೇರ ಮೇಲಕ್ಕೆ ಏರಿತ್ತು. ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಅವಳಿಗಿಂತ ಜೋರಾಗಿ ನಗುತ್ತಿದ್ದ.