ಉಗುರಿನ ಗುರುತು

"ನಿನ್ನ ಉಗುರಿಗಿಷ್ಟು ಬೆಂಕಿ ಬೀಳ! ತಗೋ, ನಿನ್ನ ಹೆಣ ನೀನೇ ಹೊತ್ಕೋ!"

ಚೀಲ ಹಾರಿಬಂದು ನನ್ನ ಮಡಿಲಿಗೆ ಬಿತ್ತು. ನಾನಾಗ ಒಂದು ಬೆಲ್ಟಿನ ಅಂಚನ್ನು ಎಲುಬಿನ ತುಂಡಿನಿಂದ ತೀಡುತ್ತಿದ್ದೆ. ಅಂಚು ತೀಡುವಾಗ ಕೈ ನಿಲ್ಲಿಸಬಾರದು. ನೀರು ಸವರಿ, ಮೇಣ ಸವರಿ, ಬಿಸಿ ಹತ್ತುವ ತನಕ ಒಂದೇ ಸಮ ತೀಡಿದರೆ ತೊಗಲಿನ ಎಳೆಗಳು ಒಂದನ್ನೊಂದು ತಬ್ಬಿಕೊಂಡು ಗಾಜಿನ ಹಾಗೆ ಮಿಂಚುತ್ತವೆ. ನಡುವೆ ನಿಲ್ಲಿಸಿದರೆ ಅಲ್ಲೊಂದು ಮಚ್ಚೆ ಉಳಿಯುತ್ತದೆ. ಆ ಬೆಲ್ಟಿನಲ್ಲಿ ಮಚ್ಚೆ ಉಳಿಯಿತು.

ಹೊಸ್ತಿಲಲ್ಲಿ ನಿಂತವರು ಆಸ್ಪತ್ರೆಯ ನರ್ಸಮ್ಮ. ಓಡಿಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಹೆರಿಗೆಗೆ ಹೋಗ್ತಿದ್ದೆ ಕಣೇ. ಸೇತುವೆ ಮೇಲೆ ಪಟ್ಟಿ ಕಿತ್ಕೊಂಡು ಬಂತು. ಬಾಟ್ಲು, ಇಂಜೆಕ್ಷನ್ನು ಎಲ್ಲಾ ಚೂರು ಚೂರು. ಅಲ್ಲಿ ಒಬ್ಬಳು ಜೀವ ಹಿಡ್ಕೊಂಡು ಕೂಗ್ತಾ ಬಿದ್ದಿದ್ಲು, ನಾನು ಬರಿಗೈಲಿ ಹೋಗಿ ನಿಂತೆ! ತಾಯಿ ಮಗು ಉಳಿದ್ರು, ಅದು ನಿನ್ನ ಪುಣ್ಯ. ಇಲ್ದಿದ್ರೆ ಇವತ್ತು ನಿನ್ನ ತೊಗಲೇ ಸುಲೀತಿದ್ದೆ. ಕೈಯಲ್ಲಿ ಮಾಡಿದ್ದಂತೆ, ಕೈಯಲ್ಲಿ! ಸತ್ತ ದನದ ಹೆಸರಲ್ಲೂ ಮೋಸ ಮಾಡ್ತೀರಲ್ಲೇ ನಿಮ್ ಜನ!"

'ನಿಮ್ ಜನ' ಅನ್ನುವುದು ನಮಗೆ ಅನ್ನದಲ್ಲಿ ಸಿಗುವ ಕಲ್ಲು. ಉಗುಳುತ್ತೇವೆ, ಮುಂದಿನ ತುತ್ತು ಎತ್ತುತ್ತೇವೆ. ನಾನು ಚೀಲವನ್ನು ತಿರುವಿ ನೋಡಿದೆ.

"ಅಕ್ಕ, ಇದು ನನ್ನ ಕೈಯದಲ್ಲ."

"ಕಿತ್ತೋದ್ಮೇಲೆ ಯಾರ ಕೈಯದೂ ಅಲ್ಲ ಬಿಡು! ಗುರುತು ನೋಡೇ, ಗುರುತು!"

ಮುಚ್ಚಳವನ್ನು ಎತ್ತಿದೆ. ಒಳಗಡೆ, ಮೂಲೆಯಲ್ಲಿ, ನನ್ನ ಉಗುರಿತ್ತು.

ಅದು ನನ್ನ ಎಡಗೈ ಹೆಬ್ಬೆರಳಿನ ಉಗುರು. ಚಿಕ್ಕವಳಿದ್ದಾಗ ತೂತು ಕೊರೆಯುವ ದಬ್ಬಣ ನುಗ್ಗಿ ಉಗುರು ನಡುವೆ ಸೀಳಿತ್ತು. ಮತ್ತೆ ಬೆಳೆಯುವಾಗ ಸೀಳಿಕೊಂಡೇ ಬೆಳೆಯಿತು. ಒದ್ದೆ ತೊಗಲಿಗೆ ಒತ್ತಿದರೆ ನಡುವೆ ತುಂಡಾದ ಚಂದ್ರನ ಹಾಗೆ ಮೂಡುತ್ತದೆ. ಅಪ್ಪ ಅದನ್ನು ನೋಡಿ ನಕ್ಕಿದ್ದ. "ಅಳಬೇಡ ಮಗಳೇ. ದೇವರು ಎಲ್ರಿಗೂ ಒಂದೊಂದು ಮುದ್ರೆ ಕೊಟ್ಟಿರ್ತಾನೆ. ಬೇರೆಯವರು ಹುಡುಕ್ಕೊಂಡು ಸಾಯ್ತಾರೆ, ನಿಂಗೆ ಬೆರಳ ತುದೀಲೇ ಸಿಕ್ಕಿದೆ" ಅಂದಿದ್ದ.

ಒದ್ದೆ ತೊಗಲು ಯಾವುದನ್ನೂ ಮರೆಯುವುದಿಲ್ಲ. ಅದಕ್ಕೇ ಅದನ್ನು ಹಿಡಿಯುವವರು ಉಗುರು ಕತ್ತರಿಸಿ, ಉಂಗುರ ಬಿಚ್ಚಿ, ಮನಸ್ಸನ್ನು ಸಮಾಧಾನಕ್ಕೆ ತಂದುಕೊಂಡು ಕೂರಬೇಕು. ನಾನು ಈ ಒಂದು ಉಗುರನ್ನು ಮಾತ್ರ ಉಳಿಸಿಕೊಂಡಿದ್ದೆ. ಹೊಲಿಯುವ ಮುಂಚೆ ಮುಚ್ಚಳದ ಒಳಗೆ ಒಂದು ಸಲ ಒತ್ತುವುದು, ಒತ್ತುವಾಗ ದೇವರನ್ನು ನೆನೆಯುವುದು. ನಮ್ಮ ಮನೆಯ ಕಟ್ಟಳೆ ಅಷ್ಟೇ. ಆದರೆ ಒಮ್ಮೆ ಒತ್ತಿದರೆ ಆ ಸಾಮಾನು ಸಾಯುವ ತನಕ ನಮ್ಮದು. ಯಾವಾಗ ತಂದರೂ, ಯಾರು ತಂದರೂ, ಎದುರು ಮಾತಾಡದೆ ರಿಪೇರಿ ಮಾಡಿಕೊಡಬೇಕು. ಹೆಣ್ಣು ಕೊಟ್ಟ ಮನೆಯ ಹಾಗೆ. ಕೊಟ್ಟೆವೆಂದು ಕೈ ತೊಳೆದುಕೊಳ್ಳುವಂತಿಲ್ಲ.

ನರ್ಸಮ್ಮನನ್ನು ಕೂರಿಸಿ ನೀರು ಕೊಟ್ಟೆ. ತೊಗಲು ಕೊಯ್ಯುವ ರಂಪಿಗೆ ತೆಗೆದು ಚೀಲದ ಒಂದು ಹೊಲಿಗೆ ಕೊಯ್ದು ದಾರ ಎಳೆದೆ. ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ ಪರಪರ ಬಿಚ್ಚಿಕೊಂಡಿತು. ಮಿಷಿನ್ ಹೊಲಿಗೆ. ನಮ್ಮ ಹೊಲಿಗೆಯಲ್ಲಿ ದಾರ ಒಂದೇ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಎದುರುಬದುರು ಹಾಯಬೇಕು. ಒಂದು ಹೊಲಿಗೆ ತುಂಡಾದರೆ ಪಕ್ಕದ್ದು ಬಿಗಿಹಿಡಿದು ನಿಲ್ಲುತ್ತದೆ. ತೊಗಲನ್ನು ಮಡಿಸಿ ಉಜ್ಜಿದೆ. ಮೇಲಿನ ಬಣ್ಣದ ಪದರ ಸಿಪ್ಪೆಯಂತೆ ಎದ್ದಿತು. ಕೆಳಗೆ ತೊಗಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಟ್ಟೆಗೆ ಮೆತ್ತಿದ್ದರು.

"ಅಯ್ಯೋ ಶಿವನೇ. ಇದೇನೇ ಇದು, ರೊಟ್ಟಿ ಹಿಟ್ಟಾ?" ಅಂದರು ನರ್ಸಮ್ಮ.

"ಎಲ್ಲಿ ತಗೊಂಡ್ರಿ ಅಕ್ಕ?"

"ಇನ್ನೆಲ್ಲಿ? ದೊಡ್ಡಂಗಡೀಲಿ. ನೀನೇ ಮಾಡಿದ್ದು ಅಂತ ಹೊರಗಡೆ ಬೋರ್ಡೇ ಹಾಕವ್ನೆ. ನಮ್ಮ ಆಸ್ಪತ್ರೇಲಿ ಅರ್ಧ ಜನ ಅದನ್ನೇ ನೇತಾಕ್ಕೊಂಡು ಓಡಾಡ್ತಿದಾರೆ."

ದೊಡ್ಡಂಗಡಿಗೆ ನಾವು ಮಾಲು ಕೊಡುತ್ತಿದ್ದದ್ದು ನಿಜ. ನಾನು ತೊಗಲು ಕೊಯ್ದು ಗುರುತು ಒತ್ತುತ್ತಿದ್ದೆ, ಅಣ್ಣ ಹೊಲಿದು ಕೊಂಡೊಯ್ಯುತ್ತಿದ್ದ. ಆದರೆ ನಾವಿಬ್ಬರು ಬೆನ್ನು ಮುರಿದುಕೊಂಡರೂ ಅರ್ಧ ಆಸ್ಪತ್ರೆಯ ಹೆಗಲಿಗೆ ಸಾಲುವಷ್ಟು ಚೀಲ ಆಗುವುದುಂಟೇ?

ನಾನು ಆ ಗುರುತಿನ ಮೇಲೆ ಬೆರಳಾಡಿಸಿದೆ. ಉಗುರು ಒಂದೇ ಆದರೂ ಒತ್ತಿದಾಗಲೆಲ್ಲ ಗುರುತು ಬೇರೆ. ಒಂದು ದಿನ ಕೈಯಲ್ಲಿ ಬಲವಿರುತ್ತದೆ, ಒಂದು ದಿನ ಜ್ವರ. ಇದರ ಅಂಚು ಮಾತ್ರ ಬ್ಲೇಡಿನಲ್ಲಿ ಕೊರೆದಂತಿತ್ತು. ಕಬ್ಬಿಣದ ಅಚ್ಚು. ಅಚ್ಚು ಹೊಯ್ಯಲು ನನ್ನ ಉಗುರು ಬಿದ್ದ, ಇನ್ನೂ ಮೇಣ ತಾಕದ ಬಿಡಿ ತೊಗಲು ಬೇಕು. ಹೊಲಿದು ಮುಗಿಸಿದ ಚೀಲದಲ್ಲಿ ಮೇಣ ತುಂಬಿ ಗುರುತು ಮಸುಕಾಗಿರುತ್ತದೆ.

ಆಗ ನೆನಪಾಯಿತು. ಕಳೆದ ಚಳಿಗಾಲದಲ್ಲಿ ಅಣ್ಣನಿಗೆ ಕೊಟ್ಟ ಒಂದು ಮುಚ್ಚಳ ಚೀಲವಾಗಿರಲಿಲ್ಲ. "ಒಣಗಿ ಬಿರುಕು ಬಿಡ್ತು ತಂಗಿ, ಬಿಸಾಕ್ದೆ" ಅಂದಿದ್ದ. ಅದು ಬೆನ್ನಿನ ತೊಗಲು. ಹೊಟ್ಟೆಯ ತೊಗಲು ಜೋಲುತ್ತದೆ, ಸುಕ್ಕಾಗುತ್ತದೆ, ಮಾತಿಗೆ ತಪ್ಪುತ್ತದೆ. ಬೆನ್ನಿನದು ಬಿರಿಯುವುದಿಲ್ಲ. ನೆರಳಲ್ಲಿ ಒಣಗಿಸಿದ್ದಂತೂ ಬಿರಿಯುವುದೇ ಇಲ್ಲ. ಅವತ್ತೇ ಅನ್ನಿಸಿತ್ತು. ಆದರೆ ಹೇಳಿದವನು ಅಣ್ಣ. ಅಣ್ಣನ ಮಾತನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನನಗಿರಲಿಲ್ಲ.

ಮಾರನೆಯ ದಿನ ದೊಡ್ಡಂಗಡಿಗೆ ಹೋದೆ.

ನಮ್ಮವರು ಹಿಂದಿನ ಸಂದಿಯಿಂದಲೇ ಹೋಗಬೇಕು. ಅಂಟಿನ ಡ್ರಮ್ಮುಗಳ ನಡುವೆ ಮೈ ಓರೆ ಮಾಡಿಕೊಂಡು ಹೋದರೆ ಒಂದು ತಗಡಿನ ಬಾಗಿಲು. ಅಂಗಡಿಯ ದಣಿ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ಬಂದರು. ಮುಂದುಗಡೆ ಗಿರಾಕಿಗಳು ಚೀಲಕ್ಕೆ ಮೂಗು ಒತ್ತಿ, "ಆಹಾ, ನಿಜವಾದ ಲೆದರ್ ವಾಸನೆ" ಅನ್ನುತ್ತಿದ್ದುದು ಇಲ್ಲಿಗೂ ಕೇಳುತ್ತಿತ್ತು. ಅದೇ ವಾಸನೆ ನನ್ನ ಮೈಮೇಲಿದ್ದರೆ ಕರವಸ್ತ್ರ.

"ಏನೇ, ಅಲ್ಲೇ ನಿಂತ್ಕೊಂಡು ಹೇಳು."

ನಾನು ಚೀಲ ಚಾಚಿದೆ. ಅವರು ಮುಟ್ಟಲಿಲ್ಲ. ಬೂಟಿನ ತುದಿಯಿಂದ ನೆಲ ತೋರಿಸಿದರು. ಆ ಬೂಟೂ ನಾನು ಹೊಲಿದದ್ದು. ನೆಲದ ಮೇಲಿಟ್ಟೆ.

"ಇದು ನನ್ನ ಗುರುತು ದಣಿ. ಚೀಲ ನನ್ನದಲ್ಲ."

"ಯಾರ್ ಹೇಳಿದ್ದು ನಿನ್ನ ಗುರುತು ಅಂತ?" ದಣಿ ನಕ್ಕರು. ಕೋಪವೇ ಇರಲಿಲ್ಲ ಆ ನಗೆಯಲ್ಲಿ, ಮಗುವಿಗೆ ತಿಳಿಹೇಳುವ ಧಾಟಿ. "ಅದು ನನ್ನ ಹೆಸರಲ್ಲಿ ರಿಜಿಸ್ಟ್ರಾಗಿದೆ. ಇನ್ಮೇಲೆ ನೀನು ಒತ್ತಿದ್ರೆ ಕಳ್ಳತನ. ಪೊಲೀಸ್ರು ಬರ್ತಾರೆ."

"ನನ್ನ ಉಗುರು, ದಣಿ."

"ಉಗುರು ನಿಂದೇ ಇಟ್ಕೊಳಮ್ಮ, ತಲೆ ಕೆರ್ಕೊಳಕ್ಕೆ ಬೇಕಲ್ಲ. ಗುರುತು ನಂದು. ನೋಡು, ನಿಂಗೂ ಒಂದು ದಾರಿ ಮಾಡ್ತೀನಿ. ಮುಂದುಗಡೆ ಗಾಜಿನ ಹಿಂದೆ ಒಂದು ಮಣೆ ಹಾಕಿಸ್ತೀನಿ. ಸ್ನಾನ ಮಾಡ್ಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು ಕೂತ್ಕೋ. ಹೊಲಿಯೋದೇನೂ ಬೇಡ, ಹೊಲಿಯೋ ಥರ ಮಾಡು. ಜನಕ್ಕೆ ಕೈ ಕಾಣಿಸಿದ್ರೆ ಸಾಕು."

"ನಿಮ್ಮಪ್ಪನ ಕೈ ತಂದು ಕೂರಿಸ್ಕೊಳಿ" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಗಡಿನ ಬಾಗಿಲ ಹಿಂದೆ ಟಕ್ ಎಂದಿತು. ಮತ್ತೆ ಟಕ್. ಗಾಳಿಗೆ ಬಾಗಿಲು ಸರಿಯಿತು.

ಒಳಗೆ ಸಾಲು ಮಿಷಿನ್ನುಗಳು. ಕೊನೆಯಲ್ಲಿ ಒಂದು ಕುರ್ಚಿ, ಮೇಲೆ ಫ್ಯಾನು. ಕುರ್ಚಿಯಲ್ಲಿ ನನ್ನ ಅಣ್ಣ. ಮಾಲು ಕೊಡಲಷ್ಟೇ ಇಲ್ಲಿಗೆ ಬರುತ್ತಾನೆ ಅಂದುಕೊಂಡಿದ್ದೆ. ಎಡಗೈಯಿಂದ ಮುಚ್ಚಳ ಸರಿಸುತ್ತಿದ್ದ, ಬಲಗೈಯಿಂದ ಅಚ್ಚಿನ ಹಿಡಿ ಒತ್ತುತ್ತಿದ್ದ. ಟಕ್. ನನ್ನ ಉಗುರು. ಟಕ್. ನನ್ನ ಉಗುರು.

"ಅಣ್ಣ" ಅಂದೆ.

ಅವನು ತಲೆ ಎತ್ತಲಿಲ್ಲ. ಆದರೆ ಹಿಡಿ ನಿಂತಿತು.

"ಕೆಲಸ ನಡೀಲಿ ಮೇಸ್ತ್ರಿ" ಅಂದರು ದಣಿ. ಹಿಡಿ ಮತ್ತೆ ಇಳಿಯಿತು.

ನೆಲದ ಮೇಲಿದ್ದ ಚೀಲ ಎತ್ತಿಕೊಂಡು, ಮಧ್ಯಾಹ್ನದ ಗಂಟೆ ಹೊಡೆಯುವ ತನಕ ಸಂದಿಯಲ್ಲೇ ನಿಂತೆ. ಅಣ್ಣ ಹೊರಗೆ ಬಂದ. ಸೋಪಿನ ವಾಸನೆ ಘಮ್ಮೆನ್ನುತ್ತಿತ್ತು.

"ಆ ಮುಚ್ಚಳ ಬಿರುಕು ಬಿಡ್ತು ಅಂದಿದ್ದೆ."

"ಬಿಡ್ತು ಅಂತ ಅಂದ್ಕೋ."

"ಥೂ ಬೋಳಿಮಗನೇ! ಒಂದೇ ಎಲೇಲಿ ಉಂಡೋರಲ್ವೇನೋ ನಾವು? ಕೈ ಬೇಕು ಅಂದಿದ್ರೆ ಕೊಯ್ಕೊಡ್ತಿದ್ದೆ. ಕದಿಯೋದ್ ಯಾಕೆ?"

ಅವನು ತನ್ನ ಅಂಗೈ ನೋಡಿಕೊಂಡ. "ನೀನು ಬೈಯಿ. ನಿಂಗೆ ಆ ಹಕ್ಕಿದೆ. ಆದ್ರೆ ಒಂದ್ ಮಾತು. ಈ ವಾಸನೆ ಹೋಗ್ಬೇಕಿತ್ತು ಕಣೇ ನಂಗೆ. ಹುಟ್ಟಿದಾಗಿಂದ ಎಲ್ಲಿ ಹೋದ್ರೂ ಹಿಂದ್ಗಡೆ ಬಾ, ಹಿಂದ್ಗಡೆ ಬಾ. ದಣಿ ಮಾತು ಕೊಟ್ಟಿದಾರೆ. ಒಂದಿನ ನಾನು ಮುಂಬಾಗಿಲಿಂದ ಒಳಗೆ ಹೋಗ್ತೀನಿ."

"ಈಗ ಯಾವ ಬಾಗಿಲಿಂದ ಬಂದ್ಯಣ್ಣ?"

ಅವನು ಸಂದಿಯನ್ನು ಒಮ್ಮೆ ನೋಡಿದ. ಆಮೇಲೆ ಅಂಟಿನ ಡ್ರಮ್ಮುಗಳ ನಡುವೆ ಮೈ ಓರೆ ಮಾಡಿಕೊಂಡು ಹೋದ.

ಆ ದಿನ ನಾನು ಕೆಲಸ ಮಾಡಲಿಲ್ಲ. ದೀಪ ಹಚ್ಚಿ ಸುಮ್ಮನೆ ಕೂತೆ. ಪ್ರಾರ್ಥನೆಗೆ ಮಾತು ಬರಲಿಲ್ಲ. ಗೋಡೆಗೆ ಅಪ್ಪನ ಕಾಲದ ಮರದ ಇಕ್ಕುಳ ಒರಗಿಸಿತ್ತು. ಹೊಲಿಯುವ ತೊಗಲನ್ನು ಅದರ ಬಾಯಿಗೆ ಕೊಟ್ಟು ಅಪ್ಪ ನಮ್ಮಿಬ್ಬರನ್ನು ಆಚೆಗೊಬ್ಬರು ಈಚೆಗೊಬ್ಬರು ಕೂರಿಸುತ್ತಿದ್ದ. ನಡುವೆ ಒಂದೇ ದಾರ, ಅವನಿಗೊಂದು ಸೂಜಿ, ನನಗೊಂದು ಸೂಜಿ. "ನೀನು ಎಳೆದಷ್ಟೇ ಅವನೂ ಎಳೀಬೇಕು. ಒಬ್ಬರು ಸಡಿಲ ಬಿಟ್ರೆ ಇಬ್ಬರದೂ ಹೋಯ್ತು" ಅನ್ನುತ್ತಿದ್ದ.

ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಜನ. ನರ್ಸಮ್ಮ ಆಸ್ಪತ್ರೆಯನ್ನೇ ಕರೆತಂದಂತಿತ್ತು. ಆಯಾ, ಕಾಂಪೌಂಡರು, ಅಂಚೆಯವನು, ತರಕಾರಿ ಮಾರುವ ಮುದುಕಿ. ಎಲ್ಲರ ಕೈಯಲ್ಲೂ ಕಿತ್ತುಹೋದ ಚೀಲ. ಎಲ್ಲದರಲ್ಲೂ ನನ್ನ ಉಗುರು.

"ಏನವ್ವ, ಗುರುತು ಹಾಕಿದ್ಮೇಲೆ ರಿಪೇರಿ ನಿಂದೇ ಅಂತೆ?" ಅಂದಳು ಮುದುಕಿ. "ಇಲ್ಲ ಅಂದ್ರೆ ಹೇಳ್ಬಿಡು, ಇಲ್ಲೇ ಶಾಪ ಹಾಕಿ ಹೋಗ್ತೀನಿ. ಬಿಸಿಲೇರಿದ್ರೆ ಸೊಪ್ಪು ಬಾಡತ್ತೆ."

"ನಂದೇ ಅಜ್ಜಿ" ಅಂದೆ. "ಆದ್ರೆ ಇಲ್ಲಲ್ಲ."

ಇಕ್ಕುಳವನ್ನು ಹೆಗಲಿಗೇರಿಸಿದೆ. ಮೇಣ, ದಬ್ಬಣ, ರಂಪಿಗೆ, ನೀರಿನ ಬೋಗುಣಿ, ಮನೆಯಲ್ಲಿ ಉಳಿದಿದ್ದ ಬೆನ್ನಿನ ತೊಗಲಷ್ಟನ್ನೂ ಕಟ್ಟಿಕೊಂಡೆ. ಅಂಚೆಯವನು ಬೋಗುಣಿ ಹಿಡಿದುಕೊಂಡ. ಎಲ್ಲರೂ ದೊಡ್ಡ ಬೀದಿಗೆ ಬಂದೆವು. ದೊಡ್ಡಂಗಡಿಯ ಮುಂಬಾಗಿಲ ಮೆಟ್ಟಿಲ ಮೇಲೆ ನಾನು ಇಕ್ಕುಳ ಊರಿ ಕೂತೆ.

ಆ ಮೆಟ್ಟಿಲನ್ನು ನಾನು ಮುಟ್ಟಿದ್ದು ಅದೇ ಮೊದಲು. ತಣ್ಣಗಿತ್ತು.

ಆ ಚೀಲಗಳಿಗೆ ಹೊಲಿಗೆ ಹಾಕಿ ಪ್ರಯೋಜನವಿಲ್ಲ. ಮಣ್ಣಿನ ಗೋಡೆಗೆ ತೇಗದ ಬಾಗಿಲು ನಿಲ್ಲಿಸಿದಂತೆ. ಒಂದೇ ಉಪಾಯ. ಹೊಸ ಪಟ್ಟಿಯನ್ನು ಒಂದು ಹೆಗಲ ಕಡೆಯಿಂದ ಇಳಿಸಿ, ಚೀಲದ ಅಡಿಯಿಂದ ಸುತ್ತಿ, ಆಚೆ ಕಡೆಯಿಂದ ಮೇಲೆ ತರಬೇಕು. ಆಗ ಭಾರ ಹೊರುವುದು ಪಟ್ಟಿ. ಚೀಲ ಅದರ ಮಡಿಲಲ್ಲಿ ಕೂತಿರುತ್ತದೆ, ಅಷ್ಟೇ. ಮೊದಲು ನರ್ಸಮ್ಮನ ಚೀಲ ತೆಗೆದುಕೊಂಡೆ. ದಾರಕ್ಕೆ ಮೇಣ ಎಳೆದೆ. ಹಳೆಯ ಪಟ್ಟಿ, ಹಳೆಯ ದಾರ, ಸುಲಿದ ಪದರ, ಅಂಟಿನ ಪುಡಿ ಮೆಟ್ಟಿಲ ಮೇಲೆ ರಾಶಿಯಾಗತೊಡಗಿತು. ಒಳಗೆ ಹೋಗಲು ಬಂದವರು ಆ ರಾಶಿಯ ಮುಂದೆ ನಿಂತರು. ಬಗ್ಗಿ ನೋಡಿದರು. ತಮ್ಮ ಹೆಗಲಿನ ಚೀಲವನ್ನೂ ತಿರುವಿ ನೋಡಿಕೊಂಡರು.

ಗಾಜಿನ ಬಾಗಿಲು ತೆರೆಯಿತು. "ಏಯ್! ಏಳೇ ಮುಂಡೇದೆ! ಯಾರ್ ಅಂತ ತಿಳ್ಕೊಂಡಿದೀಯ ನನ್ನ?"

"ರಿಪೇರಿ ದಣಿ. ಗುರುತು ನಿಮ್ಮದು, ರಿಪೇರಿ ನಂದು. ನೀವು ಅದನ್ನ ರಿಜಿಸ್ಟ್ರು ಮಾಡಿಸಿಲ್ವಲ್ಲ."

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು.

ದಣಿಗೆ ನನ್ನನ್ನು ಮುಟ್ಟಿ ಎಬ್ಬಿಸುವುದು ಆಗದು. ಕೂಗಿದರು. "ಮೇಸ್ತ್ರೀ!"

ಅಣ್ಣ ಸಂದಿಯಿಂದ ಸುತ್ತಿಕೊಂಡು ಓಡಿಬಂದು ಬೀದಿಯಲ್ಲಿ ನಿಂತ. ನನ್ನ ಮುಂದೆ ಇಕ್ಕುಳ, ಇಕ್ಕುಳದ ಬಾಯಲ್ಲಿ ಪಟ್ಟಿ, ಪಟ್ಟಿಯ ಮೊದಲ ತೂತಿನಲ್ಲಿ ದಾರ. ಒಂದು ಸೂಜಿ ನನ್ನ ಕೈಯಲ್ಲಿತ್ತು. ಇನ್ನೊಂದನ್ನು ಆಚೆ ಕಡೆಗೆ, ಅವನ ಕಡೆಗೆ ಚಾಚಿದೆ. ಬೆಳಿಗ್ಗೆಯಿಂದ ಯಾಕೆ ಎರಡು ಕಡೆ ಜಾಗ ಬಿಟ್ಟು ಕೂತಿದ್ದೆನೆಂದು ನನಗೂ ಆಗಲೇ ತಿಳಿದದ್ದು.

ಅವನ ಕೈ ಬಂತು. ಬೆರಳುಗಳು ಸೂಜಿಯನ್ನು ಹಿಡಿದವು. ದಾರ ನಮ್ಮಿಬ್ಬರ ನಡುವೆ ಬಿಗಿಯಾಯಿತು. ಸಮ ಎಳೆತ, ಅವನ ಕೈ ಮರೆತಿರಲಿಲ್ಲ.

ದಣಿ ಅವನನ್ನೂ ನೋಡಿದರು, ದಾರವನ್ನೂ ನೋಡಿದರು. ದನಿ ಇಳಿಸಿದರು. ಗಾಜಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

"ಬಾರಪ್ಪ ಮೇಸ್ತ್ರಿ. ಮುಂಬಾಗಿಲಿಂದಾನೇ ಬಾ. ಒಳಗಿಂದ ಚಿಲಕ ಹಾಕ್ಕೋ."

ಅಣ್ಣ ನಿಂತ. ಬೀದಿ ನಿಂತಿತು. ಆಮೇಲೆ ದಾರ ಸಡಿಲವಾಯಿತು.

ಮೆಟ್ಟಿಲ ತುಂಬ ಚೀಲಗಳು, ದಾಟಲು ಜಾಗವಿರಲಿಲ್ಲ. ಅವನು ಒಂದು ಕೈಯಿಂದ ಪಂಚೆ ಎತ್ತಿ ಹಿಡಿದು, ನನ್ನ ಮಡಿಲಿನ ಮೇಲೆ ಕಾಲು ದಾಟಿಸಿ, ಒಳಗೆ ಹೋದ. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿತು. ಗಾಜಿನ ಆಚೆ ಅವನು ಬೆನ್ನು ತಿರುಗಿಸಿ ನಿಂತಿದ್ದ. ಕೆಳಗೆ ಅವನ ಸೂಜಿ ಅಂಟಿನ ಪುಡಿಯಲ್ಲಿ ಬಿದ್ದಿತ್ತು.

ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿದೆ. ಒಂಟಿ ಕೈಗೂ ಈ ಹೊಲಿಗೆ ಬರುತ್ತದೆ. ಇಕ್ಕುಳವನ್ನು ಮೊಣಕಾಲ ನಡುವೆ ಬಿಗಿಹಿಡಿದರೆ ಎರಡೂ ಸೂಜಿ ಒಬ್ಬಳೇ ಆಡಿಸಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಹೊಲಿದು ಮುಗಿಸಿ, ಪಟ್ಟಿಯ ತುದಿಯನ್ನು ನೀರಿನಲ್ಲಿ ಅದ್ದಿದೆ. ಕಣ್ಣು ಮುಚ್ಚಿದೆ. ಈ ಸಲ ಪ್ರಾರ್ಥನೆಗೆ ಮಾತು ಬಂತು.

"ಬೇಡ ಕಣೇ" ಅಂದರು ನರ್ಸಮ್ಮ ಮೆಲ್ಲಗೆ. "ಪೊಲೀಸ್ರಿಗೆ ಹೇಳಿ ಕಳಿಸವ್ನೆ. ಅಗೋ ಬರ್ತಿದಾರೆ, ನೋಡು."

ಬೀದಿಯ ತುದಿಯಲ್ಲಿ ಬೂಟುಗಳ ಸದ್ದು. ಆ ಬೂಟುಗಳ ಅಟ್ಟೆಯನ್ನೂ ನಮ್ಮ ಓಣಿಯವರೇ ಹೊಲಿದದ್ದು. ನಡಿಗೆ ಕೇಳಿಯೇ ತಿಳಿಯುತ್ತದೆ.

ಎಲ್ಲರಿಗೂ ಕಾಣುವ ಹಾಗೆ ಹೆಬ್ಬೆರಳನ್ನು ಎತ್ತಿ, ಒದ್ದೆ ತೊಗಲಿಗೆ ಊರಿ ಒತ್ತಿದೆ. ಉಗುರಿನ ಬುಡ ಬೆಳ್ಳಗಾಗುವ ತನಕ ಒತ್ತಿದೆ. ಚೀಲವನ್ನು ನರ್ಸಮ್ಮನ ಹೆಗಲಿಗೆ ಹಾಕಿದೆ.

"ಅಜ್ಜಿ, ಬನ್ನಿ" ಅಂದೆ. "ಸೊಪ್ಪು ಬಾಡೋದ್ರೊಳಗೆ ನಿಮ್ಮದು ಮುಗಿಸೋಣ."